ಪೀಟರ್ ಟೆಗ್ಟ್‌ಗ್ರೆನ್: ಯಾವ ಆಲ್ಬಮ್‌ನಿಂದ ಶುರು ಮಾಡಲಿ?

ಬೇಸ್‌ಪ್ರಿಯ: ಪೀಟರ್ ಸ್ವೀಡನ್‌ನ ಮೆಟಲ್ ಸಂಗೀತಗಾರ, ಪ್ರೊಡ್ಯೂಸರ್. ಪೇನ್, ಹಿಪಾಕ್ರಸಿ ಬ್ಯಾಂಡ್ ಎರಡೂ ಇವರದ್ದೇ ಅಂತ ಗೊತ್ತು. ಮೊದಲು ಯಾವುದು ಕೇಳಲಿ? ಇನ್ನೊಂದು: ನನ್ನ ರೆಕಾರ್ಡಿಂಗ್‌ನಲ್ಲಿ ಪೇನ್ ಥರ ಗಿಟಾರ್, ಸಿಂಥ್ (ಸಿಂಥಸೈಜರ್) ಒಟ್ಟಿಗೆ ಹಾಕಿದರೆ ಎಲ್ಲ ಕಲಸಿಹೋಗುತ್ತೆ. ಯಾಕೆ?

ನಾದಲೋಲ: ಇಂಡಸ್ಟ್ರಿಯಲ್ (ಎಲೆಕ್ಟ್ರಾನಿಕ್ ಸದ್ದು ಬೆರೆತ ಮೆಟಲ್) ಬೇಕಂದ್ರೆ ಪೇನ್‌ನ 2002ರ ‘ನಥಿಂಗ್ ರಿಮೇನ್ಸ್ ದ ಸೇಮ್’. ‘ಶಟ್ ಯುವರ್ ಮೌತ್’ ಹಾಡು ಇರೋದು ಅದರಲ್ಲೇ. 1997ರ ಮೊದಲ ಆಲ್ಬಮ್ ಆಮೇಲೆ ಸಾಕು. ಹಿಪಾಕ್ರಸಿ ಡೆತ್ ಮೆಟಲ್ (ಗುಡುಗುವ ದನಿಯ ಬಿರುಸು ಮೆಟಲ್). ಮೊದಲೆರಡು ಆಲ್ಬಮ್‌ಗಳಲ್ಲಿ ಹಾಡಿರೋದು ಬೇರೆಯವರು, ಪೀಟರ್ ದನಿ ಬೇಕಂದ್ರೆ 1994ರ ‘ದ ಫೋರ್ತ್ ಡೈಮೆನ್ಶನ್’ನಿಂದ ಕೇಳಿ. ರಾಮ್‌ಸ್ಟೈನ್ ಬ್ಯಾಂಡ್‌ನ ಗಾಯಕ ಟಿಲ್ ಲಿಂಡೆಮನ್ ಜೊತೆಗಿನ 2015ರ ‘ಸ್ಕಿಲ್ಸ್ ಇನ್ ಪಿಲ್ಸ್’ ಬಿಡಲೇಬೇಡಿ.

ಫೇಡರ್: ಪ್ರೊಡ್ಯೂಸರ್ ಆಗಿ ಅವರ ತೂಕ ತಿಳಿಯೋಕೆ ಅವರದ್ದೇ ಅಬಿಸ್ ಸ್ಟುಡಿಯೋದಲ್ಲಿ ಬೇರೆ ಬ್ಯಾಂಡ್‌ಗಳಿಗೆ ಮಾಡಿದ ಆಲ್ಬಮ್ ಕೇಳಿ: ಡಿಮ್ಮು ಬೋರ್ಗಿರ್‌ನ 1997ರದ್ದು, ಇಮ್ಮಾರ್ಟಲ್‌ನ 1999ರದ್ದು, ಚಿಲ್ಡ್ರನ್ ಆಫ್ ಬೋಡಮ್‌ನ 2000ದ್ದು. ಕೀಬೋರ್ಡ್ ಎಷ್ಟೇ ದಟ್ಟವಾಗಿದ್ರೂ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಮುಳುಗಲ್ಲ, ಅದೇ ಅದ್ಭುತ.

ನಿಮ್ಮ ಮಿಕ್ಸ್‌ಗೆ: ಒಂದೇ ಟೇಕ್ (ಒಂದು ಸಲ ನುಡಿಸಿದ ರೆಕಾರ್ಡಿಂಗ್) ಕಾಪಿ ಮಾಡಿ ಎಡಕ್ಕೂ ಬಲಕ್ಕೂ ಹಾಕಬೇಡಿ, ಅದು ಮೋನೋನೇ ಆಗುತ್ತೆ, ಅಂದ್ರೆ ಸದ್ದು ಅಗಲವಾಗದೆ ನಡುವೆಯೇ ಕೇಳುತ್ತೆ. ರಿಫ್ ಎರಡು ಸಲ ನುಡಿಸಿ, ಎಡಕ್ಕೊಂದು ಬಲಕ್ಕೊಂದು ಹಾಕಿ. ಗಿಟಾರ್‌ನ ಗೇನ್ (ಸದ್ದನ್ನು ಒರಟಾಗಿಸೋ ಮಟ್ಟ) ಇಳಿಸಿ. ಗಿಟಾರ್‌ನಲ್ಲಿ 80–100 ಹರ್ಟ್ಸ್ ಕೆಳಗೆ, ಸಿಂಥ್ ಪ್ಯಾಡ್‌ನಲ್ಲಿ (ಹಿನ್ನೆಲೆಯ ಉದ್ದನೆಯ ಸ್ವರಗಳು) ಸುಮಾರು 200 ಹರ್ಟ್ಸ್ ಕೆಳಗೆ ಕತ್ತರಿಸಿ. ಆ ಜಾಗ ಬೇಸ್, ಕಿಕ್ ಡ್ರಮ್‌ಗೆ.

ನಾದಲೋಲ: ಕಿಕ್ ಮೇಲೆ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿದ ಕಿಕ್ ಸದ್ದು) ಹಾಕಿದ್ರೆ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಝೂಮ್ ಮಾಡಿ ಎರಡರ ಮೊದಲ ಏರು ಒಂದೇ ದಿಕ್ಕಿಗಿದೆಯಾ ನೋಡಿ. ಎದುರುಬದುರಾಗಿದ್ರೆ ಒಂದನ್ನೊಂದು ತಿಂದು ಕಿಕ್ ಸಣಕಲಾಗುತ್ತೆ. ಆಗ ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗಿನ ದಿಕ್ಕು) ತಿರುಗಿಸಿ.