ಗ್ರಂಥಾಲಯಕ್ಕೆ ಹಂಚುವ ಡೆಬಿಯನ್ ಇಮೇಜಿನಲ್ಲಿ ಲಿಬ್‌ಡಿವಿಡಿಸಿಎಸ್‌ಎಸ್ ಸೇರಿಸಬಹುದೇ?

ಓದುಕಟ್ಟೆ

ನಮಸ್ಕಾರ. ಶಾಲೆ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಹಳೇ ಕಂಪ್ಯೂಟರುಗಳಿಗೆಂದು ಡೆಬಿಯನ್ 12 (ಲಿನಕ್ಸ್‌ನ ಒಂದು ಮುಕ್ತ ಆವೃತ್ತಿ) ಆಧರಿಸಿದ ಇನ್‌ಸ್ಟಾಲರ್ ಇಮೇಜ್ ಒಂದನ್ನು ತಯಾರಿಸುತ್ತಿದ್ದೇವೆ. ಕನ್ನಡ ಕೀಲಿಮಣೆ, ಫಾಂಟುಗಳು, ತೆರೆಯ ಮೇಲಿನದನ್ನು ಓದಿ ಹೇಳುವ ಓರ್ಕಾ, ಅದಕ್ಕೆ ದನಿ ಕೊಡುವ ಇ-ಸ್ಪೀಕ್ ಎನ್‌ಜಿ, ವೀಡಿಯೊ ನೋಡಲು ವಿಎಲ್‌ಸಿ, ಇ-ಪುಸ್ತಕ ಓದಲು ಥೋರಿಯಂ ರೀಡರ್ ಇಷ್ಟು ಅದರಲ್ಲಿ ಇರುತ್ತವೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಎರಡು ಕಡೆ ಸಿಕ್ಕಿಕೊಂಡಿದ್ದೇವೆ.

ಮೊದಲನೆಯದು ಡಿವಿಡಿ. ಗ್ರಂಥಾಲಯಗಳು ದುಡ್ಡು ಕೊಟ್ಟು ಕೊಂಡ ನಾಟಕ, ಸಾಕ್ಷ್ಯಚಿತ್ರಗಳ ಡಿಸ್ಕುಗಳಿವೆ. ಮೆನು ಕಾಣುತ್ತದೆ, ಪ್ಲೇ ಒತ್ತಿದರೆ ಚೌಕ ಚೌಕವಾಗಿ ಒಡೆದ ಚಿತ್ರ. ಕರ್ನಲ್ ಲಾಗಿನಲ್ಲಿ "ದೃಢೀಕರಣವಿಲ್ಲದೆ ಸ್ಕ್ರ್ಯಾಂಬಲ್ಡ್ ಸೆಕ್ಟರ್ ಓದುವಿಕೆ" ಎಂಬರ್ಥದ ದೋಷ. ಡಿವಿಡಿಗಳ ಸಿಎಸ್‌ಎಸ್ ಎಂಬ ಗೂಢಲಿಪಿ ಬೀಗ ತೆಗೆಯುವ ಲಿಬ್‌ಡಿವಿಡಿಸಿಎಸ್‌ಎಸ್ ಲೈಬ್ರರಿ ಹಾಕಿದರೆ ಸರಿಹೋಗುತ್ತದೆ ಅಂತ ಗೊತ್ತು. ಆದರೆ ಇಮೇಜಿನೊಳಗೇ ಸೇರಿಸಿ ಹಂಚಿದರೆ ಕಾಪಿರೈಟ್ ಕಾಯ್ದೆಯಲ್ಲಿ ಬೀಗ ಮುರಿಯುವುದರ ಕುರಿತ 65ಎ ಕಲಂ ನಮ್ಮ ಮೇಲೆ ಬರುತ್ತದೆಯೇ?

ಎರಡನೆಯದು ಇ-ಪುಸ್ತಕ. ನಾವೇ ಮೂಲದಿಂದ ಬಿಲ್ಡ್ ಮಾಡಿದ ಥೋರಿಯಂನಲ್ಲಿ ಎಲ್‌ಸಿಪಿ ಎಂಬ ಇ-ಪುಸ್ತಕ ಬೀಗ ಹಾಕಿದ ಪುಸ್ತಕ, ಸರಿಯಾದ ಪಾಸ್‌ಫ್ರೇಸ್ ಕೊಟ್ಟರೂ ತೆರೆಯುತ್ತಿಲ್ಲ. ಅಧಿಕೃತ ಬಿಲ್ಡಿನಲ್ಲಿ ಅದೇ ಪುಸ್ತಕ ತೆರೆಯುತ್ತದೆ.

ಇನ್ನೊಂದು ವಿಷಯ. ರೆಪೊ (ನಮ್ಮ ಕೋಡಿನ ಭಂಡಾರ) ಗಿಟ್‌ಹಬ್‌ನಲ್ಲಿದೆ. ಪ್ಯಾಚ್ ಕಳಿಸುವವರಲ್ಲಿ ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರೂ ಇದ್ದಾರೆ. ಅವರಿಗೆ ತೊಂದರೆ ಆಗಬಾರದು.

ಕಾಯ್ದೆಕಡತ

ಭಾರತದ ಮಟ್ಟಿಗೆ ಮೊದಲು ಹೇಳುತ್ತೇನೆ. 65ಎ ಬಂದದ್ದು 2012ರ ತಿದ್ದುಪಡಿಯಲ್ಲಿ, ಜಾರಿಯಾದದ್ದು ಆ ವರ್ಷದ ಜೂನ್ 21ರಿಂದ. ಬೀಗ ಮುರಿದ ಮಾತ್ರಕ್ಕೆ ಅಪರಾಧ ಎಂದು ಅದು ಹೇಳುವುದಿಲ್ಲ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಈ "ಉದ್ದೇಶ" ಎಂಬ ಷರತ್ತೇ ನಮ್ಮ ಕಾಯ್ದೆಯ ಜೀವ. ಕೊಂಡ ಡಿಸ್ಕನ್ನು ನೋಡುವುದಕ್ಕಾಗಿ ಡಿಕ್ರಿಪ್ಟ್ ಮಾಡುವುದರಲ್ಲಿ ಆ ಉದ್ದೇಶವಿಲ್ಲ. ಅದಲ್ಲದೆ 65ಎ(2)(ಎ) ಪ್ರಕಾರ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಯಾವುದೇ ಕೆಲಸಕ್ಕೆ ಬೀಗ ತೆಗೆಯಬಹುದು. ಗೂಢಲಿಪಿ ಸಂಶೋಧನೆಗೂ, ಮಾಲೀಕರ ಅನುಮತಿ ಪಡೆದು ಮಾಡುವ ಭದ್ರತಾ ಪರೀಕ್ಷೆಗೂ ಬೇರೆ ಬೇರೆ ವಿನಾಯಿತಿಗಳಿವೆ.

ಇನ್ನೊಂದು ಮುಖ್ಯ ವ್ಯತ್ಯಾಸ: ಬೀಗ ತೆಗೆಯುವ ಸಾಧನವನ್ನು ತಯಾರಿಸುವುದು, ಹಂಚುವುದು ತನ್ನಷ್ಟಕ್ಕೇ ಅಪರಾಧ ಎನ್ನುವ ಉಪಕಲಂ ನಮ್ಮಲ್ಲಿ ಇಲ್ಲ. ಅಮೆರಿಕ, ಕೆನಡಾ ಎರಡರಲ್ಲೂ ಇದೆ.

ಹಾಗಂತ ನಿಶ್ಚಿಂತೆಯಿಂದ ಇರುವಂತಿಲ್ಲ. (2)(ಎ)ಗೆ ಒಂದು ಪರಂತುಕ (ಷರತ್ತಿನ ವಾಕ್ಯ) ಅಂಟಿಸಿದ್ದಾರೆ. ಇನ್ನೊಬ್ಬರಿಗೆ ಬೀಗ ತೆಗೆಯಲು ಅನುವು ಮಾಡಿಕೊಡುವವರು ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿಗೆ ಬೇಕಾದ ಇತರ ವಿವರ, ಉದ್ದೇಶ ಇಷ್ಟನ್ನೂ ದಾಖಲೆ ಇಡಬೇಕು. ಅಂಗಡಿಯಲ್ಲಿ ಎದುರಿಗೆ ನಿಂತವರಿಗೆ ಸೇವೆ ಕೊಡುವುದನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ವಾಕ್ಯ ಅದು. ಮುಕ್ತ ತಂತ್ರಾಂಶಕ್ಕೆ ಅದು ಹೊಂದುವುದೇ ಇಲ್ಲ. ಮಿರರ್ ಸರ್ವರ್‌ನಿಂದ ಯಾರು ಇಳಿಸಿಕೊಂಡರು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಇರಲೂಬಾರದು. ಮೂಲ ಸಂಕೇತ ಪ್ರಕಟಿಸುವುದೇ "ಅನುವು ಮಾಡಿಕೊಡುವುದು" ಆಗುತ್ತದೆ ಎಂದು ಯಾರಾದರೂ ವಾದಿಸಿದರೆ, ಈ ಷರತ್ತನ್ನು ಪಾಲಿಸಲು ಯಾವ ಯೋಜನೆಯಿಂದಲೂ ಆಗದು. ಮುಂದಿನ ತಿದ್ದುಪಡಿಗೆ ಅಭಿಪ್ರಾಯ ಕರೆದಾಗ ನಾವು ಕೇಳಬೇಕಾದದ್ದು ಇದನ್ನೇ: ಪ್ರಕಟಿತ ತಂತ್ರಾಂಶವನ್ನು ಈ ಪರಂತುಕದಿಂದ ಹೊರಗಿಡಿ, "ಉದ್ದೇಶ" ಎಂಬ ಷರತ್ತನ್ನು ಮುಟ್ಟಬೇಡಿ.

ಡಿಸ್ಕನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡುವುದು ಬೇರೆಯೇ ಪ್ರಶ್ನೆ, ಇಲ್ಲಿ ಗ್ರಂಥಾಲಯಗಳು ಎಡವುತ್ತವೆ. 52(1)(ಎನ್) ಲಾಭರಹಿತ ಸಾರ್ವಜನಿಕ ಗ್ರಂಥಾಲಯಕ್ಕೆ ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ಪ್ರತಿ ಇಡಲು ಬಿಡುತ್ತದೆ, ಆದರೆ ಗ್ರಂಥಾಲಯದ ಬಳಿ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಇರಬೇಕು. ಡಿವಿಡಿಯೇ ಡಿಜಿಟಲ್. ಹಾಗಾಗಿ ಈ ಕಲಂ ಡಿವಿಡಿಗೆ ಆಸರೆಯಾಗದು. 52(1)(ಒ) ಕೊಡುವ ಮೂರು ಪ್ರತಿಗಳ ಅವಕಾಶ ಪುಸ್ತಕದಂಥ ಕೃತಿಗಳಿಗೆ. ಇಮೇಜಿನಲ್ಲಿ ರಿಪ್ ಮಾಡುವ (ಡಿಸ್ಕನ್ನು ನಕಲಿಸುವ) ತಂತ್ರಾಂಶವನ್ನು ಮೊದಲೇ ಹಾಕಿ ಕೊಡಬೇಡಿ, ನೋಡುವ ತಂತ್ರಾಂಶ ಸಾಕು.

ಪ್ಯಾಕೇಜುಪಾಲ

ಕಾನೂನಿನ ಮಾತು ಮೇಲೆ ಬಂದಿದೆ, ನಾನು ಜೋಡಣೆಯ ಕಡೆ ಹೇಳುತ್ತೇನೆ.

ಮೊದಲು ಡಿಸ್ಕಿನಲ್ಲಿ ನಿಜಕ್ಕೂ ಸಿಎಸ್‌ಎಸ್ ಇದೆಯೇ ನೋಡಿ. ಕೆಳಮೈ ನೇರಳೆ ಬಣ್ಣಕ್ಕಿದ್ದರೆ ಅದು ಬರೆದ ಡಿವಿಡಿ-ಆರ್. ಮಾಮೂಲಿ ಬರೆಯುವ ಡಿಸ್ಕುಗಳಲ್ಲಿ ಕೀ ಇಡುವ ಜಾಗವನ್ನು ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ, ಅದರಲ್ಲಿ ಸಿಎಸ್‌ಎಸ್ ಇರುವುದಿಲ್ಲ. ಅಂಥ ಡಿಸ್ಕು ಓದದಿದ್ದರೆ ಬಣ್ಣದ ಪದರ ಹಾಳಾಗಿದೆ ಅಥವಾ ಡ್ರೈವಿನ ಲೆನ್ಸಿಗೆ ಧೂಳು ಹಿಡಿದಿದೆ. ಬೀಗವನ್ನು ದೂರಿ ಪ್ರಯೋಜನವಿಲ್ಲ. ನೀವು ಕೊಟ್ಟ ಲಾಗ್ ಸಂದೇಶ ಮಾತ್ರ ಸಿಎಸ್‌ಎಸ್‌ನದೇ.

ಡೆಬಿಯನ್ ಈ ಸಮಸ್ಯೆಗೆ ಕಂಡುಕೊಂಡ ದಾರಿ ತುಂಬ ವಿವೇಕದ್ದು. ವಿಎಲ್‌ಸಿ ಡಿಸ್ಕನ್ನು ಓದುವುದು ಲಿಬ್‌ಡಿವಿಡಿರೀಡ್ ಮೂಲಕ. ಅದರೊಳಗೆ ಡಿಕ್ರಿಪ್ಟ್ ಮಾಡುವ ಒಂದು ಸಾಲೂ ಇಲ್ಲ. ಓಡುವ ಹೊತ್ತಿನಲ್ಲಿ ಲಿಬ್‌ಡಿವಿಡಿಸಿಎಸ್‌ಎಸ್ ಸಿಸ್ಟಂನಲ್ಲಿ ಇದೆಯೇ ಎಂದು ಹುಡುಕಿ, ಇದ್ದರೆ ಎತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಬೀಗವಿಲ್ಲದ ಡಿಸ್ಕುಗಳನ್ನಷ್ಟೇ ಓದುತ್ತದೆ. ಡೆಬಿಯನ್ ಲಿಬ್‌ಡಿವಿಡಿಸಿಎಸ್‌ಎಸ್ ಅನ್ನು ತಾನು ಹಂಚುವುದಿಲ್ಲ. ಅದರ ಬದಲು ಮುಖ್ಯ ಸಂಗ್ರಹದ ಹೊರಗಿನ ಕಾಂಟ್ರಿಬ್ ವಿಭಾಗದಲ್ಲಿ ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜಿದೆ. ಅದು ವಿಎಲ್‌ಸಿ ತಯಾರಿಸುವ ವೀಡಿಯೋಲ್ಯಾನ್ ಸರ್ವರ್‌ನಿಂದ ಮೂಲ ಸಂಕೇತ ತಂದು, ಚೆಕ್‌ಸಮ್ ನೋಡಿ, ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡುತ್ತದೆ. ನೀವೂ ಇದನ್ನೇ ಮಾಡಿ.

ಡೆಬಿಯನ್ 12ರ ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಕಾಂಟ್ರಿಬ್ ಆನ್ ಆಗಿರುವುದಿಲ್ಲ. ಸೋರ್ಸಸ್ ಪಟ್ಟಿಯಲ್ಲಿ "ಮೇನ್" ಪಕ್ಕ "ಕಾಂಟ್ರಿಬ್" ಸೇರಿಸಿ, ಆಪ್ಟ್ ಅಪ್‌ಡೇಟ್ ಕೊಟ್ಟು, ಲಿಬ್‌ಡಿವಿಡಿ-ಪಿಕೆಜಿ ಇನ್‌ಸ್ಟಾಲ್ ಮಾಡಿ. ಹಲವರು ಇಲ್ಲಿಗೇ ನಿಲ್ಲಿಸಿ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ಸುಡೋ ಜೊತೆ ಡಿಪಿಕೆಜಿ-ರೀಕಾನ್ಫಿಗರ್ ಲಿಬ್‌ಡಿವಿಡಿ-ಪಿಕೆಜಿ ಕೊಡಲೇಬೇಕು, ಡೌನ್‌ಲೋಡ್ ಮತ್ತು ಕಂಪೈಲ್ ಆಗುವುದು ಆಗಲೇ. ಇಂಟರ್‌ನೆಟ್ ಇರಬೇಕು. ಕಂಪೈಲರ್ ಮುಂತಾದವನ್ನು ಅದೇ ಎಳೆದುಕೊಳ್ಳುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಸಂಸ್ಥೆಯ ಪ್ರಾಕ್ಸಿ ಹಿಂದೆ ಇದ್ದರೆ ರೂಟ್ ಬಳಕೆದಾರರಿಗೆ ಪ್ರಾಕ್ಸಿ ವೇರಿಯಬಲ್ ಸಿಗದೆ ಡೌನ್‌ಲೋಡ್ ಸೋಲುತ್ತದೆ, ಸುಡೋಗೆ ಪರಿಸರ ಉಳಿಸಿಕೊಳ್ಳುವ ಆಯ್ಕೆ ಕೊಡಿ.

ತಯಾರಾದ ಡೆಬ್ (ಇನ್‌ಸ್ಟಾಲ್ ಮಾಡುವ ಪ್ಯಾಕೇಜು) ಫೈಲು ಯುಎಸ್‌ಆರ್ ಒಳಗಿನ ಎಸ್‌ಆರ್‌ಸಿ ಫೋಲ್ಡರಿನಲ್ಲಿ ಲಿಬ್‌ಡಿವಿಡಿ-ಪಿಕೆಜಿ ಹೆಸರಿನಡಿ ಉಳಿಯುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ ಒಂದೇ ಗ್ರಂಥಾಲಯದ ಯಂತ್ರಗಳಿಗೆ ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯುವುದು ಅಲ್ಲಿನ ಸಿಬ್ಬಂದಿಗೆ ಬಿಟ್ಟದ್ದು. ನಿಮ್ಮ ಸಾರ್ವಜನಿಕ ಸರ್ವರ್‌ನಲ್ಲಿ ಅದನ್ನು ಇಟ್ಟರೆ ಆ ಕ್ಷಣದಿಂದ ಹಂಚುವವರು ನೀವೇ.

ಲೈಬ್ರರಿ ಬಂದ ಮೇಲೂ ಕೆಲವು ಡಿಸ್ಕು ಓಡದಿದ್ದರೆ ಪ್ರದೇಶ ಸಂಕೇತ (ಡಿಸ್ಕು ಯಾವ ವಲಯದ ಡ್ರೈವಿನಲ್ಲಿ ಓಡಬೇಕೆಂಬ ಗುರುತು) ನೋಡಿ. ಭಾರತ 5ನೇ ವಲಯ. ವಲಯವನ್ನು ತಾವೇ ಪರೀಕ್ಷಿಸುವ ಆರ್‌ಪಿಸಿ-2 ಡ್ರೈವುಗಳಲ್ಲಿ ವಲಯ ಬದಲಿಸಲು ಸಿಗುವುದು ಐದೇ ಅವಕಾಶ, ಆಮೇಲೆ ಕೊನೆಯ ವಲಯಕ್ಕೇ ಗಟ್ಟಿ. ಪರೀಕ್ಷೆಗೆಂದು ಬದಲಿಸುತ್ತಾ ಹೋಗಬೇಡಿ. ವಲಯ ಹೊಂದದಾಗ ಡ್ರೈವು ಕೀ ಕೊಡಲು ಒಪ್ಪುವುದಿಲ್ಲ. ಆಗ ಡಿವಿಡಿಸಿಎಸ್‌ಎಸ್ ಮೆಥಡ್ ವೇರಿಯಬಲ್ಲಿಗೆ "ಟೈಟಲ್" ಎಂದು ಕೊಟ್ಟು ವಿಎಲ್‌ಸಿ ಓಡಿಸಿ. ಡ್ರೈವಿನ ಜೊತೆ ಕೀ ವಿನಿಮಯ ಬಿಟ್ಟು, ಎನ್‌ಕ್ರಿಪ್ಟ್ ಆದ ಸೆಕ್ಟರುಗಳಿಂದಲೇ ಟೈಟಲ್ ಕೀಯನ್ನು ಊಹಿಸುವ ವಿಧಾನ ಅದು. ಸಿಎಸ್‌ಎಸ್ ಕೀ ಬರೀ 40 ಬಿಟ್, ಅದಕ್ಕೇ ಇದು ಸಾಧ್ಯ. ಚಿಕ್ಕ ಟೈಟಲ್‌ಗಳಲ್ಲಿ ಊಹಿಸಲು ಸಾಕಷ್ಟು ದತ್ತಾಂಶ ಸಿಗದೆ ಸೋಲುವುದುಂಟು. "ಡಿಸ್ಕ್" ವಿಧಾನವೂ ಇದೆ, ಅದಕ್ಕೆ 64 ಎಂಬಿ ಮೆಮೊರಿ ಮತ್ತು ಪ್ರಾಸೆಸರ್ ಶ್ರಮ ಬೇಕು. ತೀರಾ ಹಳೇ ಯಂತ್ರದಲ್ಲಿ ಮೊದಲ ಸಲ ತಡವಾಗುತ್ತದೆ. ಸಿಕ್ಕ ಕೀ ಕ್ಯಾಶ್‌ನಲ್ಲಿ ಉಳಿಯುವುದರಿಂದ ಮುಂದಿನ ಸಲ ಬೇಗ.

ಓದುಕಟ್ಟೆ

ತುಂಬ ಉಪಕಾರ. ಹಾಗಾದರೆ ಮೂಲ ಇಮೇಜಿನಲ್ಲಿ ಅದು ಇರುವುದಿಲ್ಲ, ಸಹಾಯ ಪುಟದಲ್ಲಿ ಡೆಬಿಯನ್ನಿನ ಹಂತಗಳನ್ನು ಕನ್ನಡದಲ್ಲಿ ಬರೆದಿಡುತ್ತೇವೆ. ಆ ಹಂತಗಳನ್ನು ಒಂದೇ ಗುಂಡಿಗೆ ಸೇರಿಸಿದ ಸ್ಕ್ರಿಪ್ಟ್ ರೆಪೊದಲ್ಲಿ ಇರಬಹುದೇ? ಅದನ್ನು ಬರೆದು ಕಳಿಸಿದವರು ಕೆನಡಾದವರು.

ಗಡಿಯಾಚೆ

ಸ್ಕ್ರಿಪ್ಟನ್ನು ಅವರ ಹೆಸರಿನಲ್ಲಿ ಸೇರಿಸಬೇಡಿ ಎಂದು ನಾನು ಹೇಳುತ್ತೇನೆ. ಕಾರಣ ವಿವರಿಸುತ್ತೇನೆ.

ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆಯ 1201ನೇ ಕಲಂ ಎರಡು ಬೇರೆ ಕೆಲಸಗಳನ್ನು ನಿಷೇಧಿಸುತ್ತದೆ: ಬೀಗ ತೆಗೆಯುವುದು, ಬೀಗ ತೆಗೆಯುವ ಸಾಧನ ಒದಗಿಸುವುದು. ಮೂರು ವರ್ಷಕ್ಕೊಮ್ಮೆ ಅಲ್ಲಿನ ಕಾಪಿರೈಟ್ ಕಚೇರಿಯ ವಿಚಾರಣೆ ನಡೆದು ವಿನಾಯಿತಿಗಳು ಬರುತ್ತವೆ, ಈಚಿನದು 2024ರಲ್ಲಿ. ಆ ವಿನಾಯಿತಿ ಅನ್ವಯಿಸುವುದು ಮೊದಲನೆಯದಕ್ಕೆ ಮಾತ್ರ. ಅಂದರೆ ನಿಮಗೆ ಬೀಗ ತೆಗೆಯುವ ಹಕ್ಕಿದ್ದರೂ, ತೆಗೆಯುವ ತಂತ್ರಾಂಶವನ್ನು ನಿಮಗೆ ಕೊಟ್ಟವರು ಸಿಕ್ಕಿಬೀಳುತ್ತಾರೆ. ಸ್ವಂತಕ್ಕೆ ಸಾಧನ ತಯಾರಿಸಿಕೊಳ್ಳಬಲ್ಲ ದೊಡ್ಡ ಸಂಸ್ಥೆಗೆ ಈ ಹಕ್ಕು ದಕ್ಕುತ್ತದೆ, ಊರ ಗ್ರಂಥಾಲಯಕ್ಕೆ ದಕ್ಕುವುದಿಲ್ಲ. ಬೇರೆ ಬೇರೆ ತಂತ್ರಾಂಶಗಳ ಪರಸ್ಪರ ಹೊಂದಾಣಿಕೆಗೆಂದು 1201(ಎಫ್) ವಿನಾಯಿತಿ ಇದೆ. ಲಿನಕ್ಸ್‌ನಲ್ಲಿ ಡಿವಿಡಿ ನೋಡಲು ಸಿಎಸ್‌ಎಸ್ ಬೀಗ ತೆಗೆಯುವ ಡಿಸಿಎಸ್‌ಎಸ್ ಪ್ರೋಗ್ರಾಂ ಬೇಕು ಎಂಬ ವಾದವನ್ನು 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಒಪ್ಪಲಿಲ್ಲ. ಅದು ವಿಂಡೋಸ್‌ನಲ್ಲೂ ಓಡುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಅದೇ ಡಿಸಿಎಸ್‌ಎಸ್ ವಿಚಾರದಲ್ಲಿ, ಅದನ್ನು ರೂಪಿಸಿದವರಲ್ಲೊಬ್ಬರಾದ ನಾರ್ವೆಯ ಯಾನ್ ಲೆಕ್ ಯೋಹಾನ್ಸನ್ 2003ರಲ್ಲಿ ಅಲ್ಲಿನ ಎರಡು ಹಂತದ ನ್ಯಾಯಾಲಯಗಳಲ್ಲೂ ಖುಲಾಸೆಯಾದರು.

ಕೆನಡಾ ಇದೇ ಅಚ್ಚನ್ನು 2012ರ ಸಿ-11 ಮಸೂದೆಯಲ್ಲಿ ತಂದುಕೊಂಡಿತು. 41.1ನೇ ಕಲಂ ಸಾಧನದ ತಯಾರಿ, ಆಮದು, ಹಂಚಿಕೆ ಎಲ್ಲವನ್ನೂ ಹಿಡಿಯುತ್ತದೆ. ಗೇಮ್ ಯಂತ್ರಗಳ ಬೀಗ ತೆಗೆಯುವ ಸಾಧನ ಮಾರಿದವರ ವಿರುದ್ಧದ 2017ರ ನಿಂಟೆಂಡೊ ಪ್ರಕರಣದಲ್ಲಿ ಫೆಡರಲ್ ಕೋರ್ಟ್ ಕೊಟ್ಟ ಪರಿಹಾರ 1.27 ಕೋಟಿ ಕೆನಡಿಯನ್ ಡಾಲರ್. ಹೊಂದಾಣಿಕೆಯ ವಾದ ಅಲ್ಲೂ ನಿಲ್ಲಲಿಲ್ಲ. ಆ ಪ್ರತಿವಾದಿ ಮಾರಾಟದ ಅಂಗಡಿ, ನೀವಲ್ಲ, ನಿಜ. ಆದರೆ ಕಲಂ ಒಂದೇ. 2024ರ ನವೆಂಬರ್ 7ರಂದು ಸಿ-244, ಸಿ-294 ಎಂಬ ಎರಡು ತಿದ್ದುಪಡಿಗಳಿಗೆ ಅಂಕಿತ ಬಿತ್ತು: ಒಂದು ದುರಸ್ತಿಗಾಗಿ, ಇನ್ನೊಂದು ಪ್ರೋಗ್ರಾಂ ಅಡಕವಾಗಿರುವ ಉಪಕರಣಗಳ ಹೊಂದಾಣಿಕೆಗಾಗಿ. ಒಳ್ಳೆಯ ಹೆಜ್ಜೆಗಳೇ. ಆದರೆ ಚಲನಚಿತ್ರದ ಡಿವಿಡಿ ಅವೆರಡರ ವ್ಯಾಪ್ತಿಗೂ ಬರುವುದಿಲ್ಲ.

ಈಗ ಗಿಟ್‌ಹಬ್. 2020ರ ಅಕ್ಟೋಬರ್ 23ರಂದು ಅಮೆರಿಕದ ಸಂಗೀತ ಕಂಪನಿಗಳ ಸಂಘ ಆರ್‌ಐಎಎ ಕೊಟ್ಟ ನೋಟಿಸಿಗೆ, ವೀಡಿಯೊ ಇಳಿಸಿಕೊಳ್ಳುವ ತಂತ್ರಾಂಶ ಯೂಟ್ಯೂಬ್-ಡಿಎಲ್‌ನ ರೆಪೊ ಕೆಳಗಿಳಿಯಿತು. ನೋಟಿಸಿನಲ್ಲಿ ಎತ್ತಿ ತೋರಿಸಿದ್ದು ಪರೀಕ್ಷಾ ಕೋಡನ್ನು, ಅದರಲ್ಲಿ ಪ್ರಸಿದ್ಧ ಗಾಯಕರ ವೀಡಿಯೊ ಕೊಂಡಿಗಳಿದ್ದವು. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ತಾಂತ್ರಿಕ ವಿವರಣೆಯ ಪತ್ರ ಬರೆದ ಮೇಲೆ ನವೆಂಬರ್ 16ರಂದು ರೆಪೊ ಮರಳಿತು. ಇದರಿಂದ ಕಲಿಯಬೇಕಾದದ್ದು ನೇರವಾಗಿದೆ: ಟೆಸ್ಟ್ ಫೈಲುಗಳಲ್ಲಿ, ರೀಡ್‌ಮಿಯಲ್ಲಿ, ಸ್ಕ್ರೀನ್‌ಶಾಟಿನಲ್ಲಿ ಯಾವ ವಾಣಿಜ್ಯ ಚಿತ್ರದ ಹೆಸರೂ ಇರಬಾರದು. ಪರೀಕ್ಷೆಗೆ ನೀವೇ ಮಾಡಿದ ಬೀಗವಿಲ್ಲದ ಡಿವಿಡಿ ಇಮೇಜ್ ಬಳಸಿ. ಕೀಗಳನ್ನು ಕಮಿಟ್ ಮಾಡಬೇಡಿ. ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತವೆ.

ಕೀ ಇಡದಿದ್ದರೆ ಸಾಕು ಎಂದುಕೊಳ್ಳಬೇಡಿ. ನಿಂಟೆಂಡೊ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಯುಜು ಎಮ್ಯುಲೇಟರ್ ಕೀ ಹಂಚುತ್ತಿರಲಿಲ್ಲ, ಬಳಕೆದಾರರೇ ತರಬೇಕಿತ್ತು. ಆದರೂ 2024ರ ಫೆಬ್ರವರಿಯಲ್ಲಿ ದಾವೆ ಬಿತ್ತು, ಮಾರ್ಚಿನಲ್ಲಿ 24 ಲಕ್ಷ ಡಾಲರ್‌ಗೆ ರಾಜಿಯಾಗಿ ಯೋಜನೆ ಮುಚ್ಚಿತು. ರಾಜಿಯಾದ್ದರಿಂದ ಕಾನೂನಿನ ಪ್ರಶ್ನೆ ಇತ್ಯರ್ಥವಾಗಲಿಲ್ಲ, ಭಯ ಮಾತ್ರ ಉಳಿಯಿತು. ಮುಕ್ತ ತಂತ್ರಾಂಶಕ್ಕೆ ಈ ಕಾನೂನುಗಳು ಮಾಡುವ ಹಾನಿ ಹೆಚ್ಚಾಗಿ ಹೀಗೇ. ತೀರ್ಪು ಬರುವ ಮೊದಲೇ ಸ್ವಯಂಸೇವಕರು ಕೈಬಿಡುತ್ತಾರೆ.

ಹೀಗಾಗಿ ನನ್ನ ಸಲಹೆ: ಕೆನಡಾ, ಅಮೆರಿಕದವರು ಕೀಲಿಮಣೆ, ಅನುವಾದ, ಇನ್‌ಸ್ಟಾಲರ್, ಲಿಬ್‌ಡಿವಿಡಿರೀಡ್ ಕಡೆಯ ಕೆಲಸ ಮಾಡಲಿ. ಸಿಎಸ್‌ಎಸ್ ಹಂತಗಳ ಪುಟವನ್ನು ಭಾರತದಲ್ಲಿರುವವರು ಬರೆದು ಬೇರೆ ರೆಪೊದಲ್ಲಿ, ಭಾರತದ ಸರ್ವರ್‌ನಲ್ಲಿ ಇಡಿ. ಮುಖ್ಯ ರೆಪೊಗೆ ನೋಟಿಸ್ ಬಂದರೂ ಇಮೇಜ್ ಬದುಕುತ್ತದೆ.

ಅಕ್ಷರದನಿ

ಥೋರಿಯಂ ಪ್ರಶ್ನೆ ಉಳಿದಿದೆ. ನಿಮ್ಮ ಬಿಲ್ಡಿನಲ್ಲಿ ದೋಷವಿಲ್ಲ. ಥೋರಿಯಂನ ಕೋಡ್ ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯದ್ದು, ಎಲ್‌ಸಿಪಿಯ ವಿವರಣೆಯೂ ಪ್ರಕಟವಾಗಿದೆ. ಆದರೆ ಪ್ರಕಟವಾದದ್ದು ಪರೀಕ್ಷೆಗೆ ಬಳಸುವ ಮೂಲ ಪ್ರೊಫೈಲ್ ಮಾತ್ರ. ಅದರಲ್ಲಿ ಪಾಸ್‌ಫ್ರೇಸ್‌ನಿಂದ ಲೆಕ್ಕ ಹಾಕಿ ಪಡೆದ ಎಸ್‌ಎಚ್‌ಎ-256 ಹ್ಯಾಶೇ ಕೀ. ಪ್ರಕಾಶಕರು ಮಾರುವ ಪುಸ್ತಕಗಳ ಪ್ರೊಫೈಲ್‌ನಲ್ಲಿ ಆ ಹ್ಯಾಶ್ ಮೇಲೆ ಇನ್ನೊಂದು ಗುಟ್ಟಿನ ಪರಿವರ್ತನೆ ಇದೆ. ಅದು ಮುಚ್ಚಿದ ಬೈನರಿ ರೂಪದಲ್ಲಿ, ಎಲ್‌ಸಿಪಿಯನ್ನು ನೋಡಿಕೊಳ್ಳುವ ಪ್ಯಾರಿಸ್ಸಿನ ಇಡಿಆರ್‌ಲ್ಯಾಬ್ ಜೊತೆ ಒಪ್ಪಂದ ಮಾಡಿಕೊಂಡವರಿಗೆ ಸಿಗುತ್ತದೆ. ಅಧಿಕೃತ ಬಿಲ್ಡಿನಲ್ಲಿ ಆ ತುಣುಕಿದೆ, ನಿಮ್ಮದರಲ್ಲಿ ಇಲ್ಲ. ಕೋಡನ್ನು ಓದಬಹುದು, ತಿದ್ದಬಹುದು, ಆದರೆ ತಿದ್ದಿದ ಪ್ರತಿಯಲ್ಲಿ ಕೊಂಡ ಪುಸ್ತಕ ತೆರೆಯದು. ಹೀಗಾದಾಗ ಪರವಾನಗಿ ಕೊಟ್ಟ ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯುತ್ತದೆ.

ಸದ್ಯಕ್ಕೆ ಅಧಿಕೃತ ಡೆಬ್ ಫೈಲನ್ನೇ ಬದಲಿಸದೆ ಬಳಸಿ. ಕನ್ನಡ ಅನುವಾದವನ್ನು ನಿಮ್ಮ ಕವಲಿನಲ್ಲಿ ಇಟ್ಟುಕೊಳ್ಳದೆ ಮೂಲ ಯೋಜನೆಗೇ ಕಳಿಸಿ, ಆಗ ಅಧಿಕೃತ ಬಿಲ್ಡಿನಲ್ಲೇ ಬರುತ್ತದೆ.

ದೃಷ್ಟಿ ಇಲ್ಲದ ಓದುಗರಿಗೆ ಬೇರೆ ದಾರಿಯೂ ಇದೆ, ಇದನ್ನು ಗ್ರಂಥಾಲಯದವರಿಗೆ ದಯವಿಟ್ಟು ತಿಳಿಸಿ. ನಮ್ಮ ಕಾಪಿರೈಟ್ ಕಾಯ್ದೆಯ 52(1)(ಜೆಡ್‌ಬಿ) ಅವರಿಗೆ ಅನುಕೂಲವಾಗುವ ರೂಪಕ್ಕೆ ಕೃತಿಯನ್ನು ಬದಲಿಸಲು ಬಿಡುತ್ತದೆ. ಸರ್ಕಾರ ಮಾನ್ಯ ಮಾಡಿದ ಗ್ರಂಥಾಲಯವೂ ಮಾಡಬಹುದು. ಲಾಭ ಇಟ್ಟುಕೊಳ್ಳುವಂತಿಲ್ಲ, ತಯಾರಿಕೆಯ ಖರ್ಚು ಮಾತ್ರ ಪಡೆಯಬಹುದು, ಪ್ರತಿ ಮಾಮೂಲಿ ಮಾರುಕಟ್ಟೆಗೆ ಹೋಗದಂತೆ ಎಚ್ಚರ ವಹಿಸಬೇಕು. ಇದನ್ನು 65ಎ(2)(ಎ) ಜೊತೆ ಸೇರಿಸಿ ಓದಿದರೆ ಬ್ರೈಲ್‌ಗಾಗಿ ಬೀಗ ತೆಗೆಯುವುದು ನ್ಯಾಯವಾದ ಕೆಲಸವೇ. ಎದುರಿಗೆ ಬರುವ ಓದುಗರಾದ್ದರಿಂದ ಕಾಯ್ದೆಕಡತ ಅವರು ಹೇಳಿದ ದಾಖಲೆಯನ್ನು ಇಲ್ಲಿ ಇಡಲು ಸಾಧ್ಯ. ಹೆಸರು, ವಿಳಾಸ, ಪುಸ್ತಕ, ಉದ್ದೇಶ, ದಿನಾಂಕ ಇರುವ ಒಂದು ರಿಜಿಸ್ಟರ್ ಸಾಕು. ಅದನ್ನು ಬೀಗ ಹಾಕಿದ ಕಪಾಟಿನಲ್ಲಿಡಿ. ಓದುಗರ ಗೋಪ್ಯತೆ ಮುಖ್ಯ, ಆನ್‌ಲೈನ್ ಶೀಟಿನಲ್ಲಿ ಬೇಡ.

ಕನ್ನಡ ಪ್ರಕಾಶಕರ ಜೊತೆ ಮಾತಾಡುವ ಅವಕಾಶ ಸಿಕ್ಕರೆ ಬೀಗವಿಲ್ಲದ, ಕೊಂಡವರ ಹೆಸರು ವಾಟರ್‌ಮಾರ್ಕ್ ಆಗಿರುವ ಇ-ಪಬ್ ಕೇಳಿ. ಯಾವ ಮುಕ್ತ ಓದುಗ ತಂತ್ರಾಂಶದಲ್ಲೂ ತೆರೆಯುತ್ತದೆ, ಓರ್ಕಾ ತಡೆಯಿಲ್ಲದೆ ಓದುತ್ತದೆ. ಒಂದು ಎಚ್ಚರಿಕೆ: ಹಕ್ಕುಗಳ ಮಾಹಿತಿಯನ್ನು ಅಧಿಕಾರವಿಲ್ಲದೆ ತಿಳಿದೂ ತಿಳಿದು ತೆಗೆಯುವುದು 65ಬಿ ಅಡಿ ಅಪರಾಧ. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ರೂಪ ಬದಲಿಸುವಾಗ ಮೆಟಾಡೇಟಾ ಮತ್ತು ಹಕ್ಕಿನ ಪುಟ ಹಾಗೇ ಉಳಿದಿವೆಯೇ ಎಂದು ಪ್ರತಿ ಪುಸ್ತಕಕ್ಕೂ ತೆರೆದು ನೋಡಿ.