ಕಂಪನಿ ಹೇಳಿದ ಮೈಲೇಜ್ ಯಾಕೆ ಬರೋದಿಲ್ಲ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆವರೆಗೆ ಕಾರಿನ ಮೈಲೇಜ್ ಬಗ್ಗೆ ಕೇಳಬಹುದು. ಉತ್ತರ ಕೊಡುವವರು ನಮ್ಮ ಗುಂಪಿನ ಮೆಕ್ಯಾನಿಕ್ ಸರ್. ಕಾರಿಗೆ ಎಷ್ಟು ವಯಸ್ಸು, ಎಷ್ಟು ಓಡಿದೆ, ಮೈಲೇಜ್ ಹೇಗೆ ಲೆಕ್ಕ ಹಾಕಿದಿರಿ ಅನ್ನೋದನ್ನು ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಟ್ಯಾಂಕ್ ಫುಲ್: ನಮಸ್ಕಾರ ಸರ್. ಹೊಸ ಪೆಟ್ರೋಲ್ ಕಾರು. ಬ್ರೋಷರ್‌ನಲ್ಲಿ ಲೀಟರಿಗೆ 21 ಅಂತ ಇದೆ. ನನಗೆ 15 ದಾಟುತ್ತಿಲ್ಲ. ಕಂಪನಿಯವರು ಸುಳ್ಳು ಹೇಳಿದ್ದಾರಾ?

ಮೆಕ್ಯಾನಿಕ್: ನಮಸ್ಕಾರ. ಸುಳ್ಳು ಅನ್ನಲಾಗದು, ಆದರೆ ಆ 21 ರಸ್ತೆಯಲ್ಲಿ ಬಂದದ್ದಲ್ಲ. ಕಾರನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸುತ್ತಾರೆ. ಯಾವ ಸೆಕೆಂಡಿಗೆ ಎಷ್ಟು ವೇಗ ಅನ್ನೋದು ಮೊದಲೇ ಗೊತ್ತಿರುತ್ತದೆ. ಚಾಲಕ ಪರದೆ ನೋಡಿಕೊಂಡು ಆ ಗೆರೆಯ ಮೇಲೇ ಓಡಿಸುತ್ತಾನೆ. ಕೊನೆಗೆ ಹೊಗೆಯಲ್ಲಿರುವ ಇಂಗಾಲ ಅಳೆದು ಎಷ್ಟು ಇಂಧನ ಉರಿಯಿತು ಅಂತ ಲೆಕ್ಕ ಹಾಕುತ್ತಾರೆ.

ಯುರೋಪಿನ ಹಳೇ ಎನ್‌ಇಡಿಸಿ ಪರೀಕ್ಷೆ 1180 ಸೆಕೆಂಡಿನದು. ಓಡುವುದು ಸುಮಾರು 11 ಕಿ.ಮೀ., ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಆಸುಪಾಸು. ಭಾರತದ ಎಂಐಡಿಸಿ ಅದನ್ನೇ ತಿದ್ದಿ ಮಾಡಿದ್ದು, ಅದರಲ್ಲಿ ವೇಗ 90 ದಾಟುವುದೇ ಇಲ್ಲ. 2017ರಿಂದ ಯುರೋಪಿನಲ್ಲಿ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಇದಕ್ಕಿಂತ ಕಠಿಣ: 1800 ಸೆಕೆಂಡು, 23 ಕಿ.ಮೀ., ಗರಿಷ್ಠ ವೇಗ 131. ಅಲ್ಲೂ ಎಸಿ ಆಫ್. ಏರು ಇಲ್ಲ, ಗುಂಡಿ ಇಲ್ಲ, ಮಳೆ ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ ಇಲ್ಲ. ನಿಮ್ಮ ಓಡಾಟದಲ್ಲಿ ಇವೆಲ್ಲ ಇರುತ್ತವೆ ಅಲ್ವಾ? ಆ ಸಂಖ್ಯೆ ಇರೋದು ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು. ಒಂದೇ ಪರೀಕ್ಷೆಯಲ್ಲಿ 21 ಬಂದ ಕಾರು 17 ಬಂದ ಕಾರಿಗಿಂತ ಸಾಮಾನ್ಯವಾಗಿ ರಸ್ತೆಯಲ್ಲೂ ಕಡಿಮೆಯೇ ಕುಡಿಯುತ್ತದೆ.

ಹಳೇ ಡೀಸೆಲ್: ಸುಳ್ಳು ಅನ್ನಲಾಗದು ಅಂದರೆ ಹೇಗೆ ಸರ್? 2016ರಲ್ಲಿ ಮಿತ್ಸುಬಿಷಿಯವರೇ ಪರೀಕ್ಷೆಯ ಅಂಕಿ ತಿದ್ದಿದ್ದನ್ನು ಒಪ್ಪಿಕೊಂಡರು. 2012ರಲ್ಲಿ ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಹೇಳಿದ್ದ ಮೈಲೇಜನ್ನು ಇಳಿಸಬೇಕಾಯಿತು.

ಮೆಕ್ಯಾನಿಕ್: ಅವೆರಡೂ ನಿಜ. ಮೋಸ ನಡೆದಿದೆ, ಮುಚ್ಚಿಡುವ ವಿಷಯವಲ್ಲ. ನಾನು ಹೇಳಿದ್ದು ಬೇರೆ. ಯಾರೂ ಏನೂ ತಿದ್ದದೆ ಹೋದರೂ ಈ ಅಂತರ ಇದ್ದೇ ಇರುತ್ತದೆ. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳಲ್ಲಿ ಇಂಧನ ಅಳೆದು ದಾಖಲಿಸುವ ವ್ಯವಸ್ಥೆ ಕಡ್ಡಾಯ. ಆ ದಾಖಲೆ ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಪೆಟ್ರೋಲ್, ಡೀಸೆಲ್ ಕಾರುಗಳು ರಸ್ತೆಯಲ್ಲಿ ಲ್ಯಾಬಿಗಿಂತ ಸುಮಾರು ಶೇ. 20 ಜಾಸ್ತಿ ಇಂಧನ ಕುಡಿಯುತ್ತಿವೆ. ಹೊಸ, ಕಠಿಣ ಪರೀಕ್ಷೆ ಬಂದ ಮೇಲೂ ಇದು ಪರಿಸ್ಥಿತಿ.

ಅಮ್ಮನ ಕಾರು: ಸರ್, ನನಗೂ 22 ಅಂದಿದ್ದರು, 16 ಬರ್ತಿದೆ. ಯಾಕೆ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ. ಓದಿ.

ನೀಲಿ ಸೆಡಾನ್: ಸರ್, ನನ್ನದು ಬ್ರೋಷರ್ ಜೊತೆ ಹೋಲಿಕೆ ಅಲ್ಲ. ಆರು ವರ್ಷದ ಕಾರು, ಮ್ಯಾನುಯಲ್. ಮೊದಲಿಂದ 16 ಕೊಡುತ್ತಿತ್ತು. ಈಗ ಕೆಲವು ವಾರಗಳಿಂದ 11ಕ್ಕೆ ಬಂದಿದೆ. ಅದೇ ದಾರಿ, ಅದೇ ಸಮಯ, ಓಡಿಸುವವಳು ನಾನೊಬ್ಬಳೇ. ಟೈರಿನ ಗಾಳಿ ಸರಿಯಿದೆ. ಕಾರು ನಿಲ್ಲಿಸಿ ಇಳಿದಾಗ ಮುಂದಿನ ಎಡ ಚಕ್ರದ ಹತ್ತಿರ ಏನೋ ಸುಟ್ಟ ವಾಸನೆ. ಕ್ಲಚ್ ವಾಸನೆ ಇರಬೇಕು ಅಂತ ಮನೆಯಲ್ಲಿ ಹೇಳುತ್ತಾರೆ. ಇದಕ್ಕೂ ಮೈಲೇಜಿಗೂ ಸಂಬಂಧ ಇದೆಯಾ?

ಐದನೇ ಗೇರು: ಅಕ್ಕ, ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಟ್ಯಾಂಕಿಗೆ ಹಾಕಿ ನೋಡಿ.

ಶುಭೋದಯ: ನುಸಿಗುಳಿಗೆ ಎರಡು ಟ್ಯಾಂಕಿಗೆ ಹಾಕಿದರೆ ಮೈಲೇಜ್ ಏರುತ್ತೆ ಅಂತ ನಮ್ಮ ಇನ್ನೊಂದು ಗ್ರೂಪಿನಲ್ಲಿ ವಿಡಿಯೋ ಬಂದಿದೆ. ಕಳಿಸಲಾ?

ಮೆಕ್ಯಾನಿಕ್: ಕಳಿಸಬೇಡಿ. ಟ್ಯಾಂಕಿಗೆ ಏನನ್ನೂ ಹಾಕಬೇಡಿ. ನುಸಿಗುಳಿಗೆ ಅಂದರೆ ನ್ಯಾಫ್ತಲಿನ್. ಪೂರ್ತಿ ಕರಗದೆ ಉಳಿದದ್ದು ಫಿಲ್ಟರಿನಲ್ಲಿ, ಇಂಜೆಕ್ಟರಿನಲ್ಲಿ ಕಟ್ಟಿಕೊಳ್ಳಬಹುದು. ಮೈಲೇಜ್ ಏರುವುದಿಲ್ಲ.

ನೀಲಿ ಸೆಡಾನ್ ಮೇಡಂ, ದಯವಿಟ್ಟು ಇದನ್ನು ಪೂರ್ತಿ ಓದಿ. ನೀವು ಹೇಳಿದ್ದು ನನಗೆ ಮೈಲೇಜ್ ತೊಂದರೆಯ ಹಾಗೆ ಕಾಣುತ್ತಿಲ್ಲ, ಬ್ರೇಕ್ ತೊಂದರೆಯ ಹಾಗೆ ಕಾಣುತ್ತಿದೆ. ಆ ಚಕ್ರದ ಬ್ರೇಕ್ ನೀವು ಪೆಡಲ್ ಬಿಟ್ಟ ಮೇಲೂ ಪೂರ್ತಿ ಬಿಡುತ್ತಿಲ್ಲ ಅಂತ ನನ್ನ ಅನುಮಾನ. ಕ್ಲಚ್ ವಾಸನೆ ಒಂದೇ ಚಕ್ರದ ಹತ್ತಿರ ಬರುವುದಿಲ್ಲ.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೆ ಈಚೆ ಜಾರಬೇಕು. ಆ ಪಿನ್ನುಗಳ ರಬ್ಬರ್ ಬೂಟು ಹರಿದರೆ ನೀರು, ಧೂಳು ಒಳಗೆ ಹೋಗುತ್ತವೆ. ಗ್ರೀಸ್ ಒಣಗುತ್ತದೆ, ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಜಾಮ್ ಆಗುತ್ತದೆ. ಪ್ಯಾಡನ್ನು ಒತ್ತುವ ಪಿಸ್ಟನ್ ತುಕ್ಕು ಹಿಡಿದರೂ ಹೀಗೇ. ಬ್ರೇಕಿನ ರಬ್ಬರ್ ಹೋಸ್ ಒಳಗೇ ಊದಿಕೊಂಡು, ಹೋದ ಆಯಿಲ್ ವಾಪಸ್ ಬರದೆ ಇರುವುದೂ ಉಂಟು. ಹೊರಗಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇರುತ್ತದೆ. ಅದನ್ನು ಎಷ್ಟೋ ಜನ ಗಮನಿಸುವುದಿಲ್ಲ.

ಹೀಗಾದಾಗ ಎಂಜಿನ್ ಸದಾ ಒಂದು ಬ್ರೇಕನ್ನು ಎಳೆದುಕೊಂಡು ಓಡುತ್ತದೆ. 16ರಲ್ಲಿ ನೂರು ಕಿ.ಮೀ.ಗೆ ಆರೂಕಾಲು ಲೀಟರ್ ಸಾಕು. 11ರಲ್ಲಿ ಒಂಬತ್ತಕ್ಕಿಂತ ಜಾಸ್ತಿ. ಹೆಚ್ಚಾದ ಆ ಪೆಟ್ರೋಲ್ ಚಕ್ರದಲ್ಲಿ ಬಿಸಿಯಾಗಿ ಹೋಗುತ್ತಿರಬಹುದು. ನನ್ನ ಚಿಂತೆ ಪೆಟ್ರೋಲಿನದಲ್ಲ, ಆ ಬಿಸಿಯದು. ಬ್ರೇಕ್ ಆಯಿಲ್ ವರ್ಷ ಕಳೆದಂತೆ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಆವಿ ಗುಳ್ಳೆ ಕಟ್ಟುತ್ತದೆ, ಪೆಡಲ್ ಒತ್ತಿದರೆ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬಿಸಿ ವಿಪರೀತವಾದರೆ ಬೇರಿಂಗಿನ ಗ್ರೀಸ್, ರಬ್ಬರ್, ಟೈರ್‌ಗೂ ಅಪಾಯ.

ದಯವಿಟ್ಟು ಆ ಕಾರನ್ನು ದೂರ ಓಡಿಸಬೇಡಿ. ಇವತ್ತು ಓಡಿಸಿ ನಿಲ್ಲಿಸಿದ್ದರೆ ಸಮತಟ್ಟಾದ ಜಾಗದಲ್ಲಿ ಅಂಗೈ ಹಿಂಭಾಗವನ್ನು ಚಕ್ರದ ಹತ್ತಿರ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಬಲಗಡೆಯ ಮುಂದಿನ ಚಕ್ರದ ಹತ್ತಿರವೂ ಹಾಗೇ ನೋಡಿ. ಎಡಗಡೆ ಒಲೆಯ ಮುಂದೆ ನಿಂತ ಹಾಗೆ ಬಿಸಿ ಹೊಡೆದರೆ, ಬಲಗಡೆ ಅಷ್ಟಿಲ್ಲದಿದ್ದರೆ, ಕಾರಣ ಬಹುತೇಕ ಗೊತ್ತಾದ ಹಾಗೇ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಹೊಗೆ ಕಂಡರೆ ಎಲ್ಲರೂ ದೂರ ಸರಿಯಿರಿ. ಮೆಕ್ಯಾನಿಕ್ ಒಬ್ಬರನ್ನು ನಿಮ್ಮ ಮನೆಗೇ ಕರೆಸಿ, ಇಲ್ಲವೇ ಎಳೆದುಕೊಂಡು ಹೋಗುವ ಗಾಡಿ ಕರೆಸಿ. ಎರಡು ವಿಷಯ ತಿಳಿಸಿ: ಓಡುವಾಗ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದಾ? ಬ್ರೇಕ್ ಆಯಿಲ್ ಕೊನೆಯದಾಗಿ ಯಾವಾಗ ಬದಲಿಸಿದ್ದು?

ನೀಲಿ ಸೆಡಾನ್: ಹೌದು ಸರ್, ಸ್ವಲ್ಪ ಎಡಕ್ಕೆ ಎಳೆಯುತ್ತದೆ. ರಸ್ತೆಯ ಇಳಿಜಾರು ಅಂದುಕೊಂಡಿದ್ದೆ. ಬ್ರೇಕ್ ಆಯಿಲ್ ಬದಲಿಸಿದ ನೆನಪಿಲ್ಲ.

ಮೆಕ್ಯಾನಿಕ್: ಆರು ವರ್ಷದಿಂದ ಬದಲಿಸದೆ ಇದ್ದರೆ ಇನ್ನೂ ಕಾಯಬೇಡಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಈಗಲೇ ಯಾರನ್ನಾದರೂ ಕರೆಸಿ.

ಗಣಿತ ಮೇಷ್ಟ್ರು: ಸರ್ ನೂರು ಕಿ.ಮೀ. ಲೆಕ್ಕ ಕೊಟ್ಟದ್ದು ಒಳ್ಳೆಯದಾಯಿತು. ಲೀಟರಿಗೆ ಎಷ್ಟು ಕಿ.ಮೀ. ಅನ್ನೋ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. 10 ಕೊಡುವ ಕಾರು 12ಕ್ಕೆ ಏರಿದರೆ ಸಾವಿರ ಕಿ.ಮೀ.ಗೆ ಸುಮಾರು 17 ಲೀಟರ್ ಉಳಿತಾಯ. 20 ಕೊಡುವ ಕಾರು 22ಕ್ಕೆ ಏರಿದರೆ ನಾಲ್ಕೂವರೆ ಲೀಟರ್ ಅಷ್ಟೇ.

ಮೆಕ್ಯಾನಿಕ್: ಸರಿಯಾಗಿ ಹೇಳಿದಿರಿ ಮೇಷ್ಟ್ರೇ.

ಹಳೇ ಡೀಸೆಲ್: ಲೆಕ್ಕ ಯಾವುದಾದರೂ ಇರಲಿ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಟ್ಟರೆ ಮೈಲೇಜ್ ತಾನಾಗೇ ಬರುತ್ತೆ. ನಾನು ಯಾವಾಗಲೂ ಹಾಗೇ.

ಐದನೇ ಗೇರು: ಅಣ್ಣ, ಅದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಗಾಡಿಯಲ್ಲಿ ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಧನ ನಿಲ್ಲುತ್ತದೆ.

ಹಳೇ ಡೀಸೆಲ್: ಎಷ್ಟು ವರ್ಷದಿಂದ ಓಡಿಸುತ್ತಿದ್ದೀಯ ನೀನು?

ಐದನೇ ಗೇರು: ವರ್ಷ ಎಣಿಸಿದರೆ ಎಂಜಿನ್ ಒಪ್ಪಲ್ಲ ಅಣ್ಣ. ಅದರ ಕಂಪ್ಯೂಟರ್ ಹೇಳಿದ್ದು ನಡೆಯುತ್ತೆ.

ಹಳೇ ಡೀಸೆಲ್: ಮಾತು ಕಲಿತಿದ್ದೀಯ. ಓಡಿಸೋದು ಕಲಿ.

ಮೆಕ್ಯಾನಿಕ್: ಇಬ್ಬರೂ ಸಾಕು ಮಾಡಿ. ನ್ಯೂಟ್ರಲ್ ಬೇಡ. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು, ಕಾಲು ತೆಗೆದಾಗ, ಆರ್‌ಪಿಎಂ ಸಾಕಷ್ಟಿದ್ದರೆ ಇಂಧನ ಪೂರ್ತಿ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ ಓಡಲು ಇಂಧನ ಬೇಕು. ಎಂಜಿನ್ ಬ್ರೇಕಿಂಗ್ ಕೂಡ ಇರುವುದಿಲ್ಲ, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕ್ ಏನು ಮಾಡುತ್ತದೆ ಅಂತ ಮೇಲೆ ಬರೆದಿದ್ದೇನೆ.

ಟ್ಯಾಂಕ್ ಫುಲ್: ಸರ್, ಹೈ ಆಕ್ಟೇನ್ ಪೆಟ್ರೋಲ್ ಹಾಕಿದರೆ ನನ್ನ 15 ಏರುತ್ತಾ?

ಛಾವಣಿ ಕ್ಯಾರಿಯರ್: ಸರ್, ಎಸಿ ಹಾಕೋದು ಒಳ್ಳೆಯದಾ, ಕಿಟಕಿ ತೆಗೆಯೋದಾ?

ಮೆಕ್ಯಾನಿಕ್: ನಿಧಾನಕ್ಕೆ ಹೋಗುವಾಗ ಕಿಟಕಿ, ಹೈವೇಯಲ್ಲಿ ಎಸಿ. ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ, ಕಾರಿನ ಮೇಲೆ ಕ್ಯಾರಿಯರ್ ಸದಾ ಇರುತ್ತದಾ? ಹಾಗಿದ್ದರೆ ಮೊದಲು ಅದನ್ನು ಬಿಚ್ಚಿ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಛಾವಣಿಯ ಮೇಲಿನ ದೊಡ್ಡ ಪೆಟ್ಟಿಗೆ ಹೈವೇ ಮೈಲೇಜನ್ನು ಶೇ. 6ರಿಂದ 17ರಷ್ಟು ಇಳಿಸುತ್ತದೆ. 80ರ ಬದಲು 100ರಲ್ಲಿ ಹೋದರೆ ಗಾಳಿ ತಡೆಯುವ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ. ಎಸಿಯನ್ನು ಬೈಯುವ ಮೊದಲು ವೇಗ ನೋಡಿಕೊಳ್ಳಿ.

ಅಮ್ಮನ ಕಾರು: ಮೇಲಿಂದ ಓದಿದೆ ಸರ್. ನನ್ನ ಮೈಲೇಜ್ ಡ್ಯಾಶ್‌ಬೋರ್ಡ್ ತೋರಿಸಿದ್ದು. ಅದು ಸರಿ ಇರುತ್ತಾ?

ಮೆಕ್ಯಾನಿಕ್: ಅದನ್ನೊಂದೇ ನಂಬಬೇಡಿ, ಎಷ್ಟೋ ಕಾರುಗಳಲ್ಲಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ನಾಜಲ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಲೆಕ್ಕ ನಂಬಬೇಡಿ, ನಾಲ್ಕಾರು ಸಲ ಮಾಡಿ. ಟೈರಿನ ಸೈಜ್ ಬದಲಿಸಿದ್ದರೆ ಕಿ.ಮೀ. ಲೆಕ್ಕವೇ ತಪ್ಪುತ್ತದೆ. ನೀಲಿ ಸೆಡಾನ್ ಮೇಡಂಗೆ 16 ಅನ್ನೋ ತಮ್ಮ ಕಾರಿನ ಲೆಕ್ಕ ಗೊತ್ತಿತ್ತು, ಅದಕ್ಕೇ 11 ಕಂಡ ಕೂಡಲೇ ಅನುಮಾನ ಬಂತು. ಎಲ್ಲರಿಗೂ ಬೇಕಾದದ್ದು ಆ ಲೆಕ್ಕ.

ಶುಭೋದಯ: ಇಂಧನ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಪೆಟ್ರೋಲ್ ಅಣು ಒಡೆದು ಪೂರ್ತಿ ಉರಿಯುತ್ತಂತೆ. ಎಲ್ಲರಿಗೂ ಹಂಚಿ.

ಮೆಕ್ಯಾನಿಕ್: ಹಂಚಬೇಡಿ. ಈಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ, ಉಳಿಸಲು ಅಲ್ಲಿ ಏನೂ ಇಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ಸಾಧನಗಳನ್ನು ನೂರಕ್ಕಿಂತ ಜಾಸ್ತಿ ಪರೀಕ್ಷಿಸಿದೆ. ಅವುಗಳಲ್ಲಿ ಬಹಳ ಕಡಿಮೆ ಸಾಧನಗಳಿಂದ ಏನಾದರೂ ಲಾಭ ಸಿಕ್ಕಿತು, ಅದೂ ಚೂರುಪಾರು. ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟ್ ತೆಗೆಯಿರಿ ಅನ್ನೋ ಸಲಹೆಯೂ ಓಡಾಡುತ್ತಿದೆ. ತೆಗೆದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಬೇಕಾಗುತ್ತದೆ.

ಶುಭೋದಯ: ಒಳ್ಳೆಯದಕ್ಕೆ ಹೇಳಿದೆ. ಇಷ್ಟು ಖಾರ ಯಾಕೆ?

ಮೆಕ್ಯಾನಿಕ್: ಬ್ರೇಕ್ ಜಾಮ್ ಆದವರಿಗೂ ಇಲ್ಲಿ ಮೊದಲು ಸಿಕ್ಕಿದ್ದು ಕ್ಲೀನರ್ ಬಾಟಲಿ, ನುಸಿಗುಳಿಗೆ. ಅವರು ಅದನ್ನು ಹಾಕಿಕೊಂಡು ಓಡಿಸಿದ್ದರೆ? ಅದಕ್ಕೇ ಖಾರ.

ಚಾರ್ಜರ್: ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡಿ ಕರೆಂಟಿನಲ್ಲೂ, ಪೆಟ್ರೋಲಿನಲ್ಲೂ ಓಡಿಸುವ ಕಾರು) ತೆಗೆದುಕೊಂಡರೆ ಈ ಗೋಳೇ ಇರಲ್ಲ ಅಲ್ವಾ ಸರ್?

ಮೆಕ್ಯಾನಿಕ್: ದಿನಾ ಚಾರ್ಜ್ ಮಾಡುವುದಾದರೆ ಸರಿ. ಮಾಡದಿದ್ದರೆ ಅಂತರ ಇನ್ನೂ ದೊಡ್ಡದು. ಅದೇ 2024ರ ವರದಿಯಲ್ಲಿ ಆ ಕಾರುಗಳ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಲ್ಯಾಬಿನ ಲೆಕ್ಕದ ಮೂರೂವರೆ ಪಟ್ಟು ಇತ್ತು. ಲ್ಯಾಬು ಅಂದುಕೊಂಡಷ್ಟು ಜನ ಚಾರ್ಜ್ ಮಾಡುತ್ತಿರಲಿಲ್ಲ.

ಟ್ಯಾಂಕ್ ಫುಲ್: ಸರ್, ಹೈ ಆಕ್ಟೇನ್ ಕೇಳಿದ್ದೆ.

ಹಳೇ ಡೀಸೆಲ್: ಡೀಸೆಲ್ ತಗೋ, ಯಾವ ಪ್ರಶ್ನೆಯೂ ಇರಲ್ಲ.

ಐದನೇ ಗೇರು: ಶುರುವಾಯಿತು.

ಅಡ್ಮಿನ್: ಇಬ್ಬರಿಗೂ ಇದು ಕೊನೆಯ ಎಚ್ಚರಿಕೆ.

ನೀಲಿ ಸೆಡಾನ್: ಸರ್, ಮೆಕ್ಯಾನಿಕ್ ಮನೆಗೆ ಬಂದು ನೋಡಿದರು. ಎಡಗಡೆ ಕ್ಯಾಲಿಪರಿನ ಕೆಳಗಿನ ಪಿನ್ ತುಕ್ಕು ಹಿಡಿದು ಅಲುಗಾಡುತ್ತಿಲ್ಲ. ಒಳಗಿನ ಪ್ಯಾಡ್ ಕಬ್ಬಿಣದವರೆಗೆ ಸವೆದಿದೆ, ಹೊರಗಿನದು ಅರ್ಧ ಉಳಿದಿದೆ. ಡಿಸ್ಕ್ ನೀಲಿಯಾಗಿದೆ. ಪಿನ್ನು, ಪ್ಯಾಡು ಬದಲಿಸಿದರೆ ಸಾಕು ಅಂತಾರೆ. ಸಾಕಾ?

ಮೆಕ್ಯಾನಿಕ್: ಸಾಕಾಗುವುದಿಲ್ಲ ಮೇಡಂ. ನೀಲಿಯಾದ ಡಿಸ್ಕ್ ತುಂಬಾ ಕಾದಿದೆ ಅಂತ ಅರ್ಥ. ಮುಂದಿನ ಎರಡೂ ಕಡೆ ಡಿಸ್ಕ್, ಪ್ಯಾಡ್ ಜೊತೆಯಾಗಿ ಬದಲಿಸಿ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯಬಹುದು. ಪಿನ್ನಿನ ರಬ್ಬರ್ ಬೂಟು ಹೊಸದು ಹಾಕಿಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಪಿಸ್ಟನ್ ಅದಕ್ಕೆಂದೇ ಇರುವ ಸಾಧನದಿಂದ ಒತ್ತಿದರೆ ಸಲೀಸಾಗಿ ಹಿಂದೆ ಹೋಗುತ್ತದಾ ಅಂತ ನಿಮ್ಮ ಎದುರಿಗೇ ನೋಡಲು ಹೇಳಿ. ಹೋಗದಿದ್ದರೆ ಕ್ಯಾಲಿಪರ್ ಕೂಡ ಹೊಸದೇ ಬೇಕು. ಆ ಕಡೆಯ ಹೋಸ್, ಚಕ್ರದ ಬೇರಿಂಗ್ ನೋಡಿಸಿ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದ ಬ್ರೇಕ್ ಲೈನಿನಲ್ಲಿ ಸೇರಿದ ಗಾಳಿ ತೆಗೆಸಿ. ಇಷ್ಟಾಗುವವರೆಗೆ ಕಾರು ಅಲ್ಲೇ ನಿಂತಿರಲಿ. ಕೆಲಸ ಮುಗಿದ ಮೇಲೆ ಮೊದಲ ದಿನ ಹತ್ತಿರದಲ್ಲೇ ಓಡಿಸಿ, ಎರಡೂ ಚಕ್ರದ ಬಿಸಿ ಮತ್ತೆ ಹೋಲಿಸಿ, ಇಲ್ಲಿ ಬರೆಯಿರಿ.