ವೈರೇ ಕಾಣಬಾರದು

“ಮಾವ, ಬೇರೆ ಎಂತ ಹೇಳಿದ್ರೂ ಕೇಳ್ತೀನಿ. ವೈರ್ ಮಾತ್ರ ಕಾಣಬಾರದು,” ಎಂದ ಬೋಪು.

“ಯಾರಿಗೆ ಕಾಣಬಾರದು?” ಚಂಗಪ್ಪ ಕೇಳಿದರು.

“ಯಾರಿಗೂ.”

“ನಿಂಗೆ?”

“ನಂಗೂ.”

“ಹಾಗಾದ್ರೆ ಹಾಕೋದೇ ಬೇಡ ಮಗ. ದುಡ್ಡೂ ಉಳೀತು. ಗೋಣಿಕೊಪ್ಪದವರೆಗೆ ತಳ್ಕೊಂಡು ಹೋಗು, ಇಳಿಜಾರು ಸಿಕ್ಕಿದ ಕಡೆ ಹತ್ಕೋ.”

ದಿನೇಶ ನಕ್ಕು ಕಾಫಿ ಚೆಲ್ಲಿಕೊಂಡ. ಶೆಡ್ಡಿನ ತಗಡಿನ ಮೇಲೆ ಕಕ್ಕಡದ ಮಳೆ ಸುರಿಯುತ್ತಿದ್ದುದರಿಂದ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ನಡುವೆ ಬೋಪುವಿನ ಬುಲೆಟ್ಟು ಟ್ಯಾಂಕಿಲ್ಲದೆ, ಸೀಟಿಲ್ಲದೆ, ಹಳೇ ವೈರಿಂಗ್ ಕಿಟ್ಟನ್ನು ಹೊರಗೆ ಸುರಿದುಕೊಂಡು ನಿಂತಿತ್ತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಆಯುಧಪೂಜೆಗೆ ಕೋವಿಯ ಪಕ್ಕ ಅದಕ್ಕೂ ಹೂವಿಡಬೇಕೆಂದು ಅವನ ಹಟ.

ಬೋಪು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಗಾಡಿಗೆ ಬ್ಯಾಟರಿ ಕಾಣಿಸುತ್ತಿರಲಿಲ್ಲ, ವೈರಿಲ್ಲ, ಇಂಡಿಕೇಟರಿಲ್ಲ, ಕನ್ನಡಿಯಿಲ್ಲ, ಮಡ್‌ಗಾರ್ಡ್ ಇಲ್ಲ. ಚಂಗಪ್ಪ ಕನ್ನಡಕ ಹಣೆಗೇರಿಸಿ ನೋಡಿದರು.

“ಇದು ಗಾಡಿ ಕಟ್ಟಿದ ಮೇಲೆ ತೆಗೆದ ಫೋಟೋನೋ, ಕಳ್ಳರು ಬಿಚ್ಕೊಂಡು ಹೋದ ಮೇಲೆ ಪೊಲೀಸರು ತೆಗೆದದ್ದೋ?”

“ಕ್ಲೀನ್ ಲುಕ್ ಮಾವ. ಈಗೆಲ್ಲ ಹೀಗೇ. ವೈರೆಲ್ಲ ಹ್ಯಾಂಡಲ್ ಒಳಗೆ, ಫ್ರೇಮ್ ಪೈಪಿನ ಒಳಗೆ.”

“ಸೆಕ್ಷನ್ 52 ಅಂತ ಒಂದುಂಟಲ್ಲ,” ಎಂದರು ಮೇಷ್ಟ್ರು, “ಮೋಟಾರು ವಾಹನ ಕಾಯ್ದೆಯಲ್ಲಿ. ಕಂಪನಿ ಕೊಟ್ಟ ಹಾಗೆ ಇರದಿದ್ದರೆ…”

“ಮೇಷ್ಟ್ರೇ, ಕಾಯ್ದೆಯ ವಿಷಯ ಕುಶಾಲನಗರದ ಚೆಕ್ಕಿಂಗಲ್ಲಿ ಮಾತಾಡುವ. ಈಗ ಹ್ಯಾಂಡಲ್ಲಿನ ವಿಷಯ.” ಚಂಗಪ್ಪ ಎದ್ದು ಹ್ಯಾಂಡಲ್ ಹಿಡಿದರು. “ಇದರೊಳಗೆ ವೈರ್ ಹೋಗ್ಬೇಕಾದ್ರೆ ತೂತು ಬೇಕು. ಎಲ್ಲಿ ಕೊರೀತೀಯ?”

“ಕ್ಲ್ಯಾಂಪ್ ಪಕ್ಕ. ಅಲ್ಲಾದ್ರೆ ಕಾಣಲ್ಲ.”

“ಗಾಡಿಯ ಜೋರೆಲ್ಲ ಬಂದು ಬೀಳೋದೇ ಅಲ್ಲಿ. ಕ್ಲ್ಯಾಂಪ್ ಹತ್ರ, ಬೆಂಡ್ ಇರೋ ಕಡೆ ತೂತು ಕೊರೆದ್ರೆ ಬಿರುಕು ಅಲ್ಲಿಂದಲೇ ಶುರು. ಸರಿ, ಜಾಗ ಬಿಟ್ಟು ಕೊರೆದೆ ಅಂತಿಟ್ಕೋ. ಅಂಚು ಅರದಲ್ಲಿ ಉಜ್ಜಿ ನುಣುಪು ಮಾಡಿದ್ಯಾ? ತೂತಿನ ಅಂಚಿಗೆ ರಬ್ಬರ್ ಬಳೆ, ಗ್ರಾಮೆಟ್, ಕೂರಿಸಿದ್ಯಾ? ಇಲ್ಲ. ಯಾಕಂದ್ರೆ ಗ್ರಾಮೆಟ್ ಕಾಣುತ್ತಲ್ಲ! ಬುಲೆಟ್ಟು ನಡುಗೋ ನಡುಕಕ್ಕೆ ಆ ಅಂಚು ವೈರಿನ ಸಿಪ್ಪೆ ಸುಲಿಯುತ್ತೆ. ಹಾರ್ನಿನ ಸ್ವಿಚ್ಚು ಅರ್ತ್ ಕೊಡೋ ಜಾತಿಯದಾದ್ರೆ, ಸುಲಿದ ವೈರ್ ಹ್ಯಾಂಡಲ್ಲಿಗೆ ತಾಗಿದ ಕೂಡ್ಲೇ ಹಾರ್ನ್ ತಾನಾಗಿ ಬಡ್ಕೊಳ್ಳುತ್ತೆ. ಹೆಡ್‌ಲೈಟಿನ ವೈರ್ ಸುಲಿದ್ರೆ ಫ್ಯೂಸ್ ಹೋಗುತ್ತೆ. ರಾತ್ರಿ, ತಿತಿಮತಿ ಕಾಡಲ್ಲಿ. ಆಗ ಮಗ, ನಿಂಗೆ ವೈರೂ ಕಾಣಲ್ಲ, ರಸ್ತೆಯೂ ಕಾಣಲ್ಲ, ಆನೆಯೂ ಕಾಣಲ್ಲ.”

“ಆನೆಗೆ ಇವ ಕಾಣ್ತಾನೆ,” ಎಂದ ದಿನೇಶ.

“ಕಂಡರೆ ತಾನೇ ಏನು, ಕ್ಲೀನ್ ಲುಕ್ ಅಂತ ಬಿಟ್ಟುಬಿಡಬಹುದು.”

ಬೋಪು ಮುಖ ಸಣ್ಣ ಮಾಡಿಕೊಂಡ. “ಹಾಗಾದ್ರೆ ಎಲ್ಲಾ ವೈರೂ ಹೊರಗೆ ನೇತಾಡ್ಲಾ?”

“ನೇತಾಡೋದು ಬೇರೆ, ಕಾಣೋದು ಬೇರೆ. ಅಚ್ಚುಕಟ್ಟು ಅಂದ್ರೆ ಬಚ್ಚಿಡೋದಲ್ಲ. ಆ ತೆಂಗಿನ ಹುರಿ ಕೊಡು.”

ಬರಿದಾದ ಫ್ರೇಮಿನ ಮೇಲೆ ಚಂಗಪ್ಪ ಹುರಿ ಹಾಯಿಸತೊಡಗಿದರು. ಹೆಡ್‌ಲೈಟಿನ ಡೂಮಿನಿಂದ ಸ್ಟೇರಿಂಗ್ ಪಕ್ಕ, ಅಲ್ಲಿಂದ ಟ್ಯಾಂಕಿನಡಿಯ ಪೈಪಿನ ಬದಿಗೆ, ಸೀಟಿನಡಿಗೆ, ಹಿಂದಿನ ದೀಪಕ್ಕೆ. ವೈರಿಗೆ ಕತ್ತರಿ ಹಾಕುವ ಮೊದಲು ಹುರಿಯಲ್ಲೇ ಅಳತೆ, ಒಂದೊಂದು ಕವಲಿಗೂ ಹತ್ತು ಸೆಂಟಿಮೀಟರ್ ಹೆಚ್ಚಿಗೆ. “ಉದ್ದವಾದ ವೈರನ್ನ ಯಾವಾಗ ಬೇಕಾದ್ರೂ ಗಿಡ್ಡ ಮಾಡಬಹುದು,” ಎಂದರು. ಮುಂದಿನ ಮಾತು ಹೇಳುವ ಅಗತ್ಯ ಬೀಳಲಿಲ್ಲ. ಹಳೇ ಕಿಟ್ಟಿನಲ್ಲಿ ಯಾರೋ ಸಾಲದೆ ಗಂಟು ಹಾಕಿದ ಜಾಗ ಎಲ್ಲರ ಕಣ್ಣೆದುರೇ ಇತ್ತು.

“ಟ್ಯಾಂಕಿನಡಿ ಪೈಪಿನ ನೆತ್ತಿ ಮೇಲೆ ಹಾಕಬೇಡ, ಬದಿಗೆ ಹಾಕು. ನೆತ್ತಿ ಮೇಲಿದ್ರೆ ಟ್ಯಾಂಕ್ ಕೂತಾಗ ವೈರ್ ಚಪ್ಪಟೆ. ಹೊಗೆ ಹೋಗೋ ಬೆಂಡ್ ಪೈಪಿನಿಂದ, ಸಿಲಿಂಡರ್ ತಲೆಯಿಂದ ಆದಷ್ಟೂ ದೂರ. ಹಿಂದೆ ಮಡ್‌ಗಾರ್ಡ್ ಒಳಗೆ ಹಾಯಿಸೋದಾದ್ರೆ ಇಬ್ಬರನ್ನ ಕೂರಿಸಿ, ಸೀಟು ಒತ್ತಿ, ಟೈರ್ ಎಲ್ಲಿವರೆಗೆ ಬರುತ್ತೆ ಅಂತ ನೋಡು. ಗುಂಡಿಗೆ ಬಿದ್ದಾಗ ಅದಕ್ಕೂ ಮೇಲೆ ಬರುತ್ತೆ. ಟೈರ್ ಉಜ್ಜಿದ ವೈರು ಕೆಂಪೋ ಹಸಿರೋ ಅಂತ ಕೇಳಬೇಡ, ಬರೀ ತಾಮ್ರ ಉಳಿದಿರುತ್ತೆ.”

“ಕಟ್ಟೋದು?” ಎಂದ ಬೋಪು. “ಕೇಬಲ್ ಟೈ ಬಿಗಿಯಾಗಿ ಎಳೀಬೇಕಲ್ಲ?”

ಇದಕ್ಕೆ ದಿನೇಶನೇ ಉತ್ತರ ಕೊಟ್ಟ. “ಮೆಣಸಿನ ಬಳ್ಳಿಯನ್ನ ಹಾಲವಾಣಕ್ಕೆ ಕಟ್ಟುದಿಲ್ವಾ ಮಾರಾಯ? ಬೀಳಬಾರದು, ಹಾಗಂತ ಕತ್ತು ಹಿಸುಕಲೂ ಬಾರದು.”

“ಅಷ್ಟೇ. ಹದಿನೈದು ಸೆಂಟಿಮೀಟರಿಗೆ ಒಂದು ಸಾಕು. ಕಪ್ಪು ಟೈ ತಗೋ. ಬಿಳೀದು ಬಿಸಿಲಿಗೆ ಮುರುಕಲಾಗುತ್ತೆ. ಬಾಲ ಬುಡಕ್ಕೆ ಸರಿಯಾಗಿ ಕತ್ತರಿಸು, ಇಲ್ದಿದ್ರೆ ಮುಂದೆ ಕೈ ಹಾಕಿದವನ ಬೆರಳು ಕೊಯ್ಯುತ್ತೆ. ಆದ್ರೆ ಸ್ಟೇರಿಂಗ್ ಹತ್ರ ಈ ಲೆಕ್ಕ ಇಲ್ಲ. ಬುಲೆಟ್ಟಲ್ಲಿ ವೈರ್ ಸಾಯೋದು ಅಲ್ಲೇ ಹೆಚ್ಚು.” ಚಂಗಪ್ಪ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದರು. ಎಡಕ್ಕೆ ಹೋದಾಗ ಹುರಿ ಬಿಗಿದು ನಿಂತಿತು. “ನೋಡು. ನೇರ ಇಟ್ಕೊಂಡು ಅಳತೆ ತೆಗೆದ್ರೆ ಹೀಗಾಗೋದು. ಎರಡು ಕಡೆಗೂ ಸಡಿಲ ಇರಬೇಕು, ಫೋರ್ಕಿಗೂ ಫ್ರೇಮಿಗೂ ನಡುವೆ ಸಿಕ್ಕಬಾರದು. ಸ್ಟೇರಿಂಗ್ ನಡುವಿಗೆ ಹತ್ರ ಹೋದಷ್ಟೂ ವೈರ್ ಎಳೆಯಲ್ಲ, ತಿರುಚಿಕೊಳ್ಳುತ್ತೆ ಅಷ್ಟೇ. ಫ್ರೇಮಿಗೆ ಒಂದು ಕಟ್ಟು, ಫೋರ್ಕಿಗೆ ಒಂದು ಕಟ್ಟು, ನಡುವೆ ಏನೂ ಬೇಡ. ಗಾಡಿ ಸ್ಟಾರ್ಟ್ ಆದ ಮೇಲೆ ಐಡಲಲ್ಲಿ ಬಿಟ್ಟು ಮತ್ತೊಮ್ಮೆ ಎರಡೂ ಕಡೆ ತಿರುಗಿಸು. ತಿರುಗಿಸುವಾಗ ಎಂಜಿನ್ ಏರಿದ್ರೆ ಆಕ್ಸಿಲರೇಟರ್ ಕೇಬಲ್ಲೂ ಸಿಕ್ಕಿಹಾಕಿಕೊಂಡಿದೆ ಅಂತ.”

ಮೇಷ್ಟ್ರು ಡಬ್ಬದಿಂದ ಹೊಸ ವೈರಿನ ಸುರುಳಿಗಳನ್ನು ತೆಗೆದು ಜೋಡಿಸುತ್ತಿದ್ದರು. ಎಲ್ಲ ಸುರುಳಿಗಳೂ ಕಪ್ಪು.

“ಬೋಪು, ಬಣ್ಣದ್ದು ಎಲ್ಲಿಟ್ಟಿದ್ದೀಯ?”

“ಬಣ್ಣದ್ದು ಇಲ್ಲ ಸರ್. ಎಲ್ಲ ಕಪ್ಪೇ ತರಿಸಿದ್ದು. ಅಲ್ಲಿ ಇಲ್ಲಿ ಇಣುಕಿದ್ರೂ ಫ್ರೇಮಿನ ಕಪ್ಪಲ್ಲಿ ಕಾಣಲ್ಲ.”

ಚಂಗಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀನು ಸತ್ಯವಂತ ಮಗ,” ಎಂದರು. “ನಂಗೂ ಕಾಣಬಾರದು ಅಂದೆ, ಹಾಗೇ ಮಾಡಿದ್ದೀಯ. ಇಪ್ಪತ್ತು ಕಪ್ಪು ವೈರ್, ಒಂದೇ ಕಪ್ಪು ಸ್ಲೀವಿನಲ್ಲಿ, ಕಪ್ಪು ಫ್ರೇಮಿನ ಮೇಲೆ, ಕರೆಂಟು ಹೋದ ಶೆಡ್ಡಿನಲ್ಲಿ. ಅದರಲ್ಲಿ ಬ್ರೇಕ್ ಲೈಟಿನದ್ದು ಯಾವುದು ಅಂತ ಇಗ್ಗುತಪ್ಪ ದೇವರನ್ನೇ ಕೇಳಬೇಕು.”

“ನಂಬರ್ ಬರೆದ ತುಣುಕು ಸ್ಲೀವ್ ಹಾಕ್ತೀನಿ, ಎರಡು ತುದಿಗೂ.”

“ಹಾಕು. ನಕ್ಷೆಯನ್ನೂ ಬರೆದು ಪ್ಲಾಸ್ಟಿಕ್ಕಲ್ಲಿ ಹಾಕಿ ಸೀಟಿನಡಿ ಅಂಟಿಸು. ಆದ್ರೂ ಅರ್ತಿಗಾದ್ರೂ ಬೇರೆ ಬಣ್ಣ ತಾ ಮಾರಾಯ. ದಪ್ಪ ಎಷ್ಟೆಷ್ಟು ತಂದಿದ್ದೀಯ?”

ದಪ್ಪದ ಲೆಕ್ಕದಲ್ಲಿ ಬೋಪು ಪಾಸಾದ. ಇಂಡಿಕೇಟರಿಗೆ 0.5 ಚದರ ಮಿಲಿಮೀಟರ್, ಹೆಡ್‌ಲೈಟಿಗೆ 1, ಬ್ಯಾಟರಿಯಿಂದ ಬರುವ ಮುಖ್ಯ ವೈರಿಗೆ 2.5. 60 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಐದು ಆಂಪಿಯರ್ ಎಳೆಯುತ್ತದೆಂದು ಬಾಯಿಪಾಠ ಒಪ್ಪಿಸಿದ. 15 ಆಂಪಿಯರಿನ ಮುಖ್ಯ ಫ್ಯೂಸನ್ನು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೇ ಇಡಬೇಕೆಂದೂ ಹೇಳಿದ. ಫ್ಯೂಸಿಗಿಂತ ಮೊದಲಿನ ವೈರಿಗೆ ಕಾವಲಿಲ್ಲ, ಅದು ತಾಗಿದರೆ ಉರಿಯುವುದೇ. ಚಂಗಪ್ಪನಿಗೆ ಬೈಯಲು ಏನೂ ಸಿಗದೆ ಬೇಜಾರಾಯಿತು. ಆದರೆ ಬೋಪು ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡು ಅವರ ಬೇಜಾರು ಕಳೆದ.

“ಜಾಯಿಂಟೆಲ್ಲ ಸೋಲ್ಡರ್ ಮಾವ. ಗಟ್ಟಿ ಇರುತ್ತೆ.”

“ಗಟ್ಟಿ ಇರೋದೇ ತೊಂದರೆ. ಸೀಸ ಕರಗಿ ವೈರಿನ ಎಳೆಗಳ ಒಳಗೆ ಏರಿಬಿಡುತ್ತೆ. ಏರಿದಷ್ಟು ದೂರ ವೈರ್ ಕಡ್ಡಿ, ಆಮೇಲಿಂದು ಮೆತ್ತಗೆ. ಕಡ್ಡಿ ಮುಗಿಯೋ ಜಾಗದಲ್ಲಿ ಬುಲೆಟ್ಟಿನ ನಡುಕ ತುಂಡು ಮಾಡುತ್ತೆ. ರ್‍ಯಾಚೆಟ್ ಇರೋ ಕ್ರಿಂಪಿಂಗ್ ಪ್ಲೈಯರ್ ತಾ. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆ ಉಂಟಲ್ಲ, ಮುಂದಿಂದು ತಾಮ್ರ ಹಿಡೀಬೇಕು, ಹಿಂದಿಂದು ಸಿಪ್ಪೆ ಹಿಡೀಬೇಕು. ಒತ್ತಿದ ಮೇಲೆ ಒಂದ್ಸಲ ಎಳೆದು ನೋಡು. ಕಿತ್ತು ಬರೋದಾದ್ರೆ ಈಗಲೇ ಬರ್ಲಿ.”

ಅರ್ತಿನ ಮಾತಿಗೆ ಬಂದಾಗ ಮೇಷ್ಟ್ರಿಗೆ ಸಂಶಯ. ಫ್ರೇಮೇ ಕಬ್ಬಿಣವಲ್ಲವೇ, ಬೇರೆ ಅರ್ತ್ ವೈರ್ ಯಾಕೆ?

“ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದಾನಲ್ಲ ಮೇಷ್ಟ್ರೇ. ಅದರ ಮೇಲೆ ಲಗ್ ಇಟ್ಟು ಬೋಲ್ಟ್ ಬಿಗಿದ್ರೆ ಪೇಂಟಿಗೆ ಅರ್ತ್ ಕೊಟ್ಟ ಹಾಗಾಯ್ತು. ಬರೀ ಕಬ್ಬಿಣ ಕಾಣೋವರೆಗೆ ಕೆರೆದು, ಮುಳ್ಳಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಹೆಡ್‌ಲೈಟಿಗಂತೂ ಬ್ಯಾಟರಿಯ ಮೈನಸ್ಸಿನಿಂದ ಬೇರೆಯೇ ವೈರ್ ಬೇಕು, ಸ್ಟೇರಿಂಗ್ ಗುಂಡುಗಳ ಗ್ರೀಸಿನ ಮೂಲಕ ಕರೆಂಟ್ ಹೋಗ್ಲಿ ಅಂತ ಬಿಡಬಾರದು. ಆಮೇಲೆ ಲೈಟ್ ಹಾಕಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ತಿಗೆ ಇಟ್ಟು ನೋಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದ್ರೆ ಎಲ್ಲೋ ಕೆರೆದದ್ದು ಸಾಲದು.”

“ಆರ್‌ಆರ್ ಯೂನಿಟ್, ಅದೇ ಬ್ಯಾಟರಿ ಚಾರ್ಜಿಂಗ್ ರೆಗ್ಯುಲೇಟರ್, ಸೀಟಿನಡಿ ಡಬ್ಬಿಯೊಳಗೆ ಹಾಕಿದ್ದೀನಿ,” ಬೋಪು ಮೆಲ್ಲಗೆ ಹೇಳಿದ.

“ಅದೂ ಕಾಣಬಾರದಾ? ಅದರ ಮೈಗೆ ಆ ರೆಕ್ಕೆಗಳು ಗಾಳಿಗೆ ಇರೋದು ಮಗ. ಮುಚ್ಚಿಟ್ರೆ ಬೆಂದುಹೋಗುತ್ತೆ. ಬೆಂದ ಮೇಲೆ ಒಂದಾ ಚಾರ್ಜೇ ಆಗಲ್ಲ, ಇಲ್ಲಾಂದ್ರೆ 15 ವೋಲ್ಟ್ ದಾಟಿ ಬ್ಯಾಟರಿ ಕುದಿಯುತ್ತೆ. ಎಂಜಿನ್ ಸ್ವಲ್ಪ ಏರಿಸಿದಾಗ 13.5ರಿಂದ 14.5ರೊಳಗೆ ಇರಬೇಕು.”

ಎಲ್‌ಇಡಿ ಇಂಡಿಕೇಟರಿನ ಮಾತು ಬಂದದ್ದು ಆಗಲೇ. ಪ್ರಯೋಗಕ್ಕೆಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಎಡಕ್ಕೆ ಹಾಕಿದರೆ ನಾಲ್ಕೂ ಮಿಣುಕುತ್ತಿತ್ತು, ಬಲಕ್ಕೆ ಹಾಕಿದರೂ ನಾಲ್ಕೂ.

“ಇದು ಸರಿಯಾಗಿಯೇ ಉಂಟಲ್ಲ,” ಎಂದ ದಿನೇಶ. “ಎಲ್ಲಿಗೆ ಹೋಗ್ತಾನೆ ಅಂತ ಇವನಿಗೇ ಗೊತ್ತಿಲ್ಲ.”

“ಸ್ಪೀಡೋಮೀಟರಿನಲ್ಲಿ ಎರಡು ಕಡೆಗೂ ಸೇರಿ ಒಂದೇ ಪೈಲಟ್ ಬಲ್ಬು,” ಚಂಗಪ್ಪ ಬೆರಳಿಟ್ಟು ತೋರಿಸಿದರು. “ಎಡದ ಕರೆಂಟ್ ಆ ಬಲ್ಬಿನೊಳಗೆ ಹಾದು ಬಲಕ್ಕೆ ಹೋಗುತ್ತೆ. ಹಳೇ ಹತ್ತು ವ್ಯಾಟಿನ ಬಲ್ಬಿಗೆ ಆ ಸೋರಿಕೆ ಸಾಲ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಧಾರಾಳ. ಕರೆಂಟನ್ನ ಒಂದೇ ಕಡೆಗೆ ಬಿಡೋ 1N4007 ಡಯೋಡ್ ಎರಡು ತಗೋ, ಎಡದಿಂದ ಒಂದು, ಬಲದಿಂದ ಒಂದು ಪೈಲಟ್ ಬಲ್ಬಿಗೆ ಕೊಡು. ಬಲ್ಬಿನ ಇನ್ನೊಂದು ಕಾಲು ಅರ್ತಿಗೆ. ಮಿಣುಕಿಸೋ ಫ್ಲ್ಯಾಷರ್ ಕೂಡ ಎಲೆಕ್ಟ್ರಾನಿಕ್ ಹಾಕು, ಹಳೇದಕ್ಕೆ ಇಷ್ಟು ಕಡಿಮೆ ಲೋಡಲ್ಲಿ ತಾಳ ಸಿಗಲ್ಲ.”

ಪೊನ್ನಮ್ಮ ಒಳಗಿನಿಂದ ಎರಡನೇ ಸುತ್ತಿನ ಕಾಫಿ ತಂದರು. ತರುವಾಗಲೇ ಕೇಳಿದರು, “ಅಣ್ಣ, ಇದು ಈ ವರ್ಷ ಮುಗೀತದಾ?”

“ಮುಗಿಯುತ್ತೆ. ನಿನ್ನ ಮಗನಿಗೆ ಅದು ಕಾಣಲ್ಲ, ಅಷ್ಟೇ.”

ಬೋಪು ಟೇಪಿನ ಸುರುಳಿ ಹಿಡಿದು ಆಗಲೇ ಸುತ್ತಲು ಕೂತಿದ್ದ. ಚಂಗಪ್ಪ ಕಸಿದುಕೊಂಡರು. ಪಿವಿಸಿ ಟೇಪು, ಬಿಸಿಗೆ ಅದರ ಅಂಟು ಕರಗಿ ಕೈಗೆಲ್ಲ ಮೆತ್ತುತ್ತದೆ, ಬಟ್ಟೆಯ ಟೇಪು ಬೇಕು. ಅದೂ ಗಾಡಿ ಸ್ಟಾರ್ಟ್ ಆಗಿ, ಒಂದೊಂದು ಸ್ವಿಚ್ಚೂ ಒತ್ತಿ ನೋಡಿ, ಊರೊಳಗೆ ಒಂದೆರಡು ಸುತ್ತು ಓಡಿಸಿದ ಮೇಲೆ. “ಮೊದಲು ಓಡಿಸು, ಆಮೇಲೆ ಸುತ್ತು. ಪೂರ್ತಿ ಮುಚ್ಚಲೂಬೇಡ. ಈ ಮಳೆಗೆ ನೀರು ಹೇಗಾದ್ರೂ ಒಳಗೆ ಹೋಗುತ್ತೆ, ಹೊರಗೆ ಬರಲು ತಗ್ಗಿನ ಜಾಗದಲ್ಲಿ ಬಾಯಿ ಬಿಡು. ವೈರ್ ಜೋಡಿಸೋ ಕಪ್ಲರಿಗೆ ವೈರ್ ಮೇಲಿಂದ ಇಳಿಯಬಾರದು. ಕೆಳಗೆ ಒಂದು ಬಾಗು ಕೊಟ್ಟು ಮೇಲೇರಿಸು, ಬಾಗಿನಲ್ಲೇ ನೀರು ತೊಟ್ಟಿಕ್ಕಲಿ.”

“ಇಷ್ಟೆಲ್ಲ ಬಾಗು, ಬಾಯಿ, ಬಣ್ಣ ಇದ್ರೆ ಕ್ಲೀನ್ ಲುಕ್ ಎಲ್ಲಿಂದ ಬಂತು ಮಾವ?”

“ಮೈಸೂರಿನ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಲ್ಲಿ ಕಟ್ಟಿದ ಯೆಜ್ಡಿ ಇವತ್ತಿಗೂ ಮಡಿಕೇರಿ ಸಂತೆಗೆ ತರಕಾರಿ ಹೊರುತ್ತೆ. ಯಾಕೆ? ಕಟ್ಟಿದವ ಇಲ್ಲದಿದ್ರೂ ಬಿಚ್ಚಿದವನಿಗೆ ಗೊತ್ತಾಗ್ತಿತ್ತು. ನೀನು ಸೋಮವಾರ ಬೆಂಗಳೂರಿಗೆ ಹೋಗ್ತೀಯ. ಈ ಗಾಡಿ ಇಲ್ಲೇ ಇರುತ್ತೆ. ಇಲಿ ಒಂದು ವೈರ್ ಕಡಿದ್ರೆ ಯಾರು ನೋಡೋದು?”

“ನಾನೇ,” ಎಂದರು ಪೊನ್ನಮ್ಮ. “ಹಿಂದೆಯೂ ನಾನೇ ನೋಡಿದ್ದು. ಭಾನುವಾರ ಭಾನುವಾರ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತಿದ್ದೆ. ಶಬ್ದ ಕೇಳಿದ ಕೂಡ್ಲೇ ನಾಯಿ ಗೇಟಿನವರೆಗೆ ಓಡ್ತದೆ, ಇವ ಬಂದ ಅಂತ. ಆಮೇಲೆ ಅಲ್ಲೇ ಕೂತಿರ್ತದೆ.”

ಬೋಪು ಹುರಿಯ ತುದಿಯನ್ನು ಬಿಡಿಸತೊಡಗಿದ; ಅದರಲ್ಲಿ ಗಂಟೇನೂ ಇರಲಿಲ್ಲ. ಮೇಷ್ಟ್ರು ಲೋಟದೊಳಗೆ ನೋಡಿದರು.

“ಐದು ನಿಮಿಷ ಐಡಲಲ್ಲಿ ಬಿಟ್ರೆ ಸೆಲ್ಫ್ ತಿಂದ ಕರೆಂಟ್ ವಾಪಸ್ ಬರಲ್ಲ ಪೊನ್ನು,” ಚಂಗಪ್ಪನ ದನಿ ಇಳಿದಿತ್ತು. “ಕಿಕ್ ಹೊಡಿ.”

“ನನ್ನ ಸೊಂಟಕ್ಕಾ?”

“ಹಾಗಾದ್ರೆ ಬ್ಯಾಟರಿ ಮೈನಸ್ ಕಳಚಿಡು. ಕಳಚಲು ಅದು ಕೈಗೆ ಸಿಗಬೇಕು.”

“ಬಲಗಡೆ ಸೈಡ್ ಕವರ್ ಒಳಗೆ ಇಡ್ತೀನಿ,” ಎಂದ ಬೋಪು, ತಲೆಯೆತ್ತದೆ. “ಫ್ಯೂಸೂ ಅಲ್ಲೇ. ಒಂದೇ ಸ್ಕ್ರೂ, ನಾಣ್ಯದಲ್ಲಿ ತಿರುಗಿಸೋ ಹಾಗೆ. ಮೇಲೆ ಕನ್ನಡದಲ್ಲಿ ಬರೀತೀನಿ, ಯಾವುದು ಯಾವುದಕ್ಕೆ ಅಂತ. ವೈರೂ ಬಣ್ಣದ್ದೇ ತರ್ತೀನಿ.”

“ದೊಡ್ಡದಾಗಿ ಬರಿ. ಕನ್ನಡಕ ಇಲ್ಲದೆ ಕಾಣಬೇಕು,” ಎಂದು ಪೊನ್ನಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

“ಅಂತೂ ಗೆದ್ದಿರಿ ಚಂಗಪ್ಪ,” ಎಂದರು ಮೇಷ್ಟ್ರು. “ಹೇಗೂ ಮೀಟರ್ ಕೈಯಲ್ಲಿದೆ, ನನ್ನ ಸ್ಕೂಟರನ್ನೂ ಒಮ್ಮೆ ನೋಡಿ. ಫೋನಿನ ಚಾರ್ಜರ್ ಹಾಕಿಸಿದ್ದೇನೆ. ಬಹಳ ಚಂದ ಮಾಡಿದ್ದಾನೆ, ವೈರೇ ಕಾಣಲ್ಲ. ನೇರ ಬ್ಯಾಟರಿಗೇ ಕೊಟ್ಟಿದ್ದಾನಂತೆ.”

“ಫ್ಯೂಸ್ ಎಲ್ಲಿ ಹಾಕಿದ್ದಾನೆ?”

“ಅದಕ್ಕೂ ಫ್ಯೂಸ್ ಬೇಕಾ?”

ಚಂಗಪ್ಪ ಟಾರ್ಚು, ಕೊಡೆ ಎರಡನ್ನೂ ತೆಗೆದುಕೊಂಡು ಎದ್ದರು. “ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೀರಿ?”

“ನಿಮ್ಮ ಜೀಪಿಗೆ ಒರಗಿಸಿ,” ಎಂದರು ಮೇಷ್ಟ್ರು.